ಎಂಬಕಸಿ ಮರಬೂಗಳ ಕೊನೆಯ ಜರ್ಸಿ

ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಲು ದಾರ ಸಿಗುತ್ತಿರಲಿಲ್ಲ. ವಿಮಲಾ ಹೊಲಿಗೆ ಡಬ್ಬಿಯನ್ನು ನೆಲದ ಮೇಲೆ ಬೋರಲು ಹಾಕಿದಳು. ಬಣ್ಣದ ಪೆನ್ಸಿಲ್ಲುಗಳು ಬಿದ್ದವು, ಉಗುರಿನಷ್ಟಕ್ಕೆ ಸವೆದ ಪೆನ್ಸಿಲ್ ಮೋಟುಗಳು, ಒಂದು ರಬ್ಬರು, ಬಟ್ಟೆಯಂಗಡಿಯ ಚೂರುಗಳನ್ನು ಸಾಲಾಗಿ ಅಂಟಿಸಿದ ಒಂದು ರಟ್ಟು. ದಾರ ಮಾತ್ರ ಇರಲಿಲ್ಲ.

“ಎಂಥ ಮಾರಾಯ್ತಿ, ಹೊಲಿಗೆ ಡಬ್ಬಿಯಲ್ಲಿ ಒಂದು ನೂಲಿಲ್ಲ ನಿಂದು,” ಎಂದು ಅವಳು ಚಾಪೆಯ ಮೇಲೆ ಮಲಗಿದ್ದ ಲೀಲಾಳನ್ನೇ ಕೇಳಿದಳು. ವಿಮಲಾ ಮಂಗಳೂರಿನಿಂದ ಬಂದು ಮೂವತ್ತು ವರ್ಷ ನೈರೋಬಿಯ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು. ಹೆಣದ ಜೊತೆ ಮಾತಾಡುವುದು ಅವಳಿಗೆ ಹೊಸತಲ್ಲ. ಆದರೆ ಸೋಮವಾರ ಸಂಜೆ ಇದೇ ಲೀಲಾ ಎದುರು ಫ್ಲ್ಯಾಟಿನಿಂದ ಬಂದು ಒಂದು ಲೋಟ ಉದ್ದಿನಬೇಳೆ ಇಸಕೊಂಡು ಹೋಗಿದ್ದಳು. ಇವತ್ತು ಗುರುವಾರ. ಲೋಟ ಇನ್ನೂ ವಾಪಸು ಬಂದಿರಲಿಲ್ಲ.

ಕೊನೆಗೆ ವಿಮಲಾ ತನ್ನ ಚೀಲದಿಂದ ಬ್ಯಾಂಡೇಜಿನ ಪಟ್ಟಿ ತೆಗೆದು ಬೆರಳುಗಳನ್ನು ಕಟ್ಟಿದಳು.

“ಹಸಿರು ಸೀರೆ ಸಿಕ್ತು ವಿಮಲಕ್ಕ,” ಎನ್ನುತ್ತ ಶ್ರೀರಂಜನಿ ಒಳಗಿನಿಂದ ಬಂದಳು. ಲೀಲಾಳ ಗಂಡ ಪ್ರಕಾಶನ ಬ್ಯಾಂಕಿನಲ್ಲೇ ಅವಳ ಗಂಡನಿಗೂ ಕೆಲಸ. “ಮುತ್ತೈದೆಯಾಗಿ ಹೋದ್ಲು. ಪುಣ್ಯ ಮಾಡಿದ್ಲು.”

“ನಲವತ್ತಾರಕ್ಕೆ ಕ್ಯೂನಲ್ಲಿ ಬಿದ್ದು ಸಾಯೋದು ಯಾವ ಪುಣ್ಯ?”

“ನಿಮ್ಮಲ್ಲಿ ಹಾಗೆ ಹೇಳಲ್ಲ ಬಿಡಿ.”

“ನಮ್ಮಲ್ಲೂ ಹೇಳ್ತಾರೆ. ಹೇಳೋರು ಎಲ್ಲಾ ಕಡೆ ಇದ್ದಾರೆ.”

ಶ್ರೀರಂಜನಿಯ ಕಣ್ಣು ಶರ್ವಾಣಿಯ ಮೇಲೆ ಹೋಗಿತ್ತು. ಲೀಲಾಳ ಹದಿನೇಳರ ಮಗಳು ಬೆಳಗಿನಿಂದ ಅತ್ತಿರಲಿಲ್ಲ. ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಒಂದೊಂದಾಗಿ ಮಗುಚಿ ಹಿಂಬದಿ ನೋಡುತ್ತಿದ್ದಳು. ಕರೆಂಟ್ ಬಿಲ್ಲು, ಶಾಲೆಯ ಸುತ್ತೋಲೆ, ಕ್ಯಾಲೆಂಡರಿನ ಹಾಳೆ. ಅಕ್ಕಿ ಡಬ್ಬದ ತಳಕ್ಕೆ ಹಾಸಿದ್ದ ಪೇಪರನ್ನೂ ಬಿಡಲಿಲ್ಲ.

“ಏನು ಹುಡುಕ್ತಿದೀಯ ಪುಟ್ಟಾ?” ಎಂದಳು ಶ್ರೀರಂಜನಿ.

“ಜರ್ಸಿ.”

“ಯಾವ ಜರ್ಸಿ?”

“ಅಮ್ಮಂದು. ಒನ್ ಓ ಕ್ಲಾಕ್ ಒಳಗೆ ಕಳಿಸ್ಬೇಕು. ಇವತ್ತು ಫೈನಲ್.”

ಹೆಂಗಸರಿಬ್ಬರೂ ಮುಖ ಮುಖ ನೋಡಿಕೊಂಡರು. ದುಃಖ ತಲೆಗೇರಿದೆ ಎಂದು ಶ್ರೀರಂಜನಿ ಕಣ್ಣಲ್ಲೇ ಹೇಳಿದಳು. ವಿಮಲಾ ಮಾತ್ರ ನೆಲದ ಮೇಲೆ ಬಿದ್ದಿದ್ದ ಪೆನ್ಸಿಲ್ ಮೋಟುಗಳತ್ತ ನೋಡಿದಳು.

*

ಒಂಬತ್ತು ವರ್ಷದ ಹಿಂದೆ ಲೀಲಾ ನೈರೋಬಿಗೆ ಬಂದಿಳಿದಾಗ ಪಾಸ್‌ಪೋರ್ಟಿನಲ್ಲಿ ಒಂದು ಮೊಹರು ಬಿತ್ತು. ಗಂಡನ ಕೆಲಸದ ಮೇಲೆ ಬಂದವರಿಗೆ ಕೊಡುವ ಅವಲಂಬಿತರ ಪಾಸ್. ಅದರ ಕೆಳಗೆ ಒಂದು ಸಾಲು: ಸಂಬಳಕ್ಕಾಗಲಿ, ಸಂಬಳವಿಲ್ಲದೆಯಾಗಲಿ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಬಟ್ಟೆ ವಿನ್ಯಾಸ ಕಲಿತು, ಹನ್ನೊಂದು ವರ್ಷ ಕೈಮಗ್ಗದ ಸೀರೆಗಳಿಗೆ ಅಂಚು ಬರೆದ ಹೆಣ್ಣು ಆ ಸಾಲನ್ನು ಎರಡು ಸಲ ಓದಿದಳು.

ಮೊದಲ ವರ್ಷ ಹತ್ತಿರದ ಶಾಲೆಯೊಂದರಲ್ಲಿ ವಾರಕ್ಕೊಂದು ದಿನ ಮಕ್ಕಳಿಗೆ ಚಿತ್ರ ಹೇಳಿಕೊಡಲು ಹೋದಳು. ಮೂರನೇ ವಾರ ಪ್ರಕಾಶನಿಗೆ ಗೊತ್ತಾಯಿತು.

“ದುಡ್ಡೇನೂ ತಗೊಳ್ತಿಲ್ಲ ರೀ.”

“ತಗೊಳ್ದೆ ಇದ್ರೂ ಮಾಡಬಾರ್ದು ಅಂತಾನೇ ಬರೆದಿರೋದು. ಓದಿದ್ಯಾ? ನಾಳೆ ನನ್ನ ಪರ್ಮಿಟ್ಟಿಗೆ ತೊಂದರೆ ಆದ್ರೆ?”

ಪ್ರಕಾಶ ಕೆಟ್ಟವನಲ್ಲ. ಕೈ ಮಾಡಿದವನಲ್ಲ, ಕುಡಿದವನಲ್ಲ. ನಿಯಮ ಓದುತ್ತಿದ್ದ, ಅಷ್ಟೆ. ಯಾರೋ ಬರೆದಿಟ್ಟ ಒಂದು ಸಾಲನ್ನು ಮನೆಯೊಳಗೆ ಕಾವಲು ಕಾಯಲು ಕೆಟ್ಟ ಗಂಡಸೇ ಬೇಕಾಗಿಲ್ಲ.

ಶನಿವಾರ ಬೆಳಗ್ಗೆ ತಿಂಡಿ ಮಾಡುವಾಗ ಟೀವಿಯಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ಬರುತ್ತಿತ್ತು. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ತೋಳಿಲ್ಲದ ಜರ್ಸಿ ತೊಟ್ಟ ಗಂಡಸರು. ಆಟ ಅವಳಿಗೆ ಕೊನೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ. ಜರ್ಸಿ ಅರ್ಥವಾಯಿತು. ಎದೆಯ ಮೇಲೆ ಒಂದು ಗೇಣು ಜಾಗ, ಎರಡೋ ಮೂರೋ ಬಣ್ಣ. ಅಷ್ಟರಲ್ಲಿ ಒಂದು ಊರು ಕಾಣಬೇಕು. ಸೀರೆಯ ಅಂಚಿಗಿಂತ ಕಷ್ಟ ಕಣೇ, ಎಂದು ಮಗಳಿಗೆ ಹೇಳುತ್ತಿದ್ದಳು.

ಆ ಸ್ಪರ್ಧೆಯನ್ನು ಅಂತರ್ಜಾಲದಲ್ಲಿ ಹುಡುಕಿಕೊಟ್ಟವಳು ಶರ್ವಾಣಿಯೇ. ಆಗ ಅವಳಿಗೆ ಹನ್ನೆರಡು. ಆಸ್ಟ್ರೇಲಿಯಾದ ಆಟದ ಹುಚ್ಚರು ಕಟ್ಟಿಕೊಂಡ ಕಾಲ್ಪನಿಕ ಲೀಗ್ ಅದು. ಹದಿನೆಂಟು ತಂಡ, ಒಂದಕ್ಕೂ ಆಟಗಾರರಿಲ್ಲ, ಚೆಂಡಿಲ್ಲ, ಮೈದಾನವಿಲ್ಲ. ತಂಡಕ್ಕೊಬ್ಬ ವಿನ್ಯಾಸಕಾರ. ವಾರವಾರ ಎರಡೆರಡು ತಂಡಗಳ ಜರ್ಸಿಗಳನ್ನು ಎದುರುಬದುರು ಇಡುತ್ತಾರೆ, ಸದಸ್ಯರು ಮತ ಹಾಕುತ್ತಾರೆ, ಗೆದ್ದ ತಂಡ ಮುಂದಕ್ಕೆ ಹೋಗುತ್ತದೆ, ಪ್ರತಿ ಸುತ್ತಿಗೂ ಹೊಸ ಜರ್ಸಿ. ಗಡುವಿನೊಳಗೆ ಜರ್ಸಿ ಬರದಿದ್ದರೆ ಸೋಲು. ಫೈನಲ್ಲಿನಲ್ಲಿ ಹಾಗಾದರೆ ತಂಡದ ಹೆಸರೇ ಪಟ್ಟಿಯಿಂದ ಹೋಗುತ್ತದೆ. ಬಹುಮಾನ ಏನೂ ಇಲ್ಲ.

“ಸಂಬಳ ಇಲ್ಲ, ದೇಶಾನೂ ಇಲ್ಲ. ಇದನ್ನ ಯಾರು ತಡೀತಾರೆ ನೋಡೋಣ,” ಎಂದು ನಕ್ಕಿದ್ದಳು ಲೀಲಾ.

ತಂಡಕ್ಕೆ ಎಂಬಕಸಿ ಮರಬೂಗಳು ಎಂದು ಹೆಸರಿಟ್ಟಳು. ಎಂಬಕಸಿ ಅವರಿದ್ದ ಬಡಾವಣೆ. ಮರಬೂ ಎಂದರೆ ಮನೆಯ ಬಾಲ್ಕನಿಯಿಂದ ಕಾಣುವ ಜಾಲಿಮರಗಳ ತುದಿಯಲ್ಲಿ ನಿಲ್ಲುವ, ಕಸದ ಗುಡ್ಡೆಯಿಂದ ಬದುಕುವ ಆ ಬೋಳುತಲೆಯ ಎತ್ತರದ ಹಕ್ಕಿ. ಊರವರೆಲ್ಲ ಅಸಹ್ಯಪಡುವ ಹಕ್ಕಿ. ಬೂದು ರೆಕ್ಕೆ, ಬಿಳಿ ಹೊಟ್ಟೆ, ಕತ್ತಿನಲ್ಲಿ ಜೋತ ಗುಲಾಬಿ ಚೀಲ. ಮೂರೇ ಬಣ್ಣ. ಐದು ವರ್ಷದಲ್ಲಿ ಲ್ಯಾಪ್‌ಟಾಪಿನಲ್ಲೇ ಇನ್ನೂರ ಹನ್ನೆರಡು ಜರ್ಸಿ ಬರೆದಳು. ಒಂದು ಗಡುವೂ ತಪ್ಪಿಸಲಿಲ್ಲ. ಮಗಳಿಗೆ ಜ್ವರ ಬಂದಾಗಲೂ, ಊರಲ್ಲಿ ತಾಯಿ ತೀರಿಕೊಂಡ ವಾರವೂ.

*

“ಅಪ್ಪ, ಆ ಫೈಲ್ ಕೊಡು.”

ಪ್ರಕಾಶ ಬೆಳಗಿನಿಂದ ಕಂಕುಳಲ್ಲಿ ಒಂದು ನೀಲಿ ಫೈಲು ಇಟ್ಟುಕೊಂಡು ಓಡಾಡುತ್ತಿದ್ದ. ಸ್ನಾನಕ್ಕೆ ಹೋದಾಗಲೂ ಬಾತ್‌ರೂಮಿನ ಕಿಟಕಿಯ ಮೇಲಿಟ್ಟುಕೊಂಡಿದ್ದ. ಮಂಗಳವಾರ ಪಾಸ್ ನವೀಕರಣದ ಕ್ಯೂನಲ್ಲಿ ಕುರ್ಚಿಯಿಂದ ಜಾರಿ ಬಿದ್ದಾಗ ಲೀಲಾಳ ತೊಡೆಯ ಮೇಲಿದ್ದ ಫೈಲು ಅದು. ಮಿದುಳಿನಲ್ಲಿ ನರ ಒಡೆದಿದೆ ಎಂದರು ಡಾಕ್ಟರು. ಟೋಕನ್ ನಂಬರು ಬರಲು ಇನ್ನೂ ಹದಿನಾಲ್ಕು ಜನರಿದ್ದರಂತೆ.

“ಅದ್ರಲ್ಲಿ ಡಾಕ್ಯುಮೆಂಟ್ಸ್ ಇದೆ ಕಣೇ. ಸ್ಮಶಾನದಲ್ಲಿ ಕೇಳ್ತಾರೆ. ಮುಟ್ಬೇಡ.”

“ಬಣ್ಣ ಮಾತ್ರ ಬಾಕಿ, ಕ್ಯೂನಲ್ಲಿ ಕೂತು ಮುಗಿಸ್ತೀನಿ ಅಂದಿದ್ಲು. ಅದ್ರಲ್ಲೇ ಇರತ್ತೆ.”

“ಏನು ಬಣ್ಣ? ಶರ್ವಾಣಿ, ನಿಮ್ಮಮ್ಮ ಹೋಗಿದಾಳೆ. ಗೊತ್ತಾಗ್ತಿದ್ಯಾ ನಿಂಗೆ?”

ಅವನಿಗೇ ಗೊತ್ತಾಗಿರಲಿಲ್ಲ. ಎರಡು ದಿನದಿಂದ ಕಣ್ಣು ಮಿಟುಕಿಸದೆ ಫಾರಂ ತುಂಬುತ್ತಿದ್ದ.

ಗಾಡಿ ಬಂತು. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರುವ ಪದ್ಧತಿಯಿಲ್ಲ ಎಂದಳು ಶ್ರೀರಂಜನಿ.

“ಪದ್ಧತಿ ಇರೋರು ಮನೇಲಿರಿ,” ಎಂದು ವಿಮಲಾ ಹುಡುಗಿಯ ಕೈಹಿಡಿದು ಗಾಡಿ ಹತ್ತಿಸಿ, ತಾನೂ ಹತ್ತಿದಳು.

*

ಮೂರು ವಾರದ ಹಿಂದೆ, ಊಟದ ಹೊತ್ತು.

“ಲ್ಯಾಪ್‌ಟಾಪ್ ಕ್ಲೀನ್ ಮಾಡ್ದೆ,” ಎಂದಿದ್ದ ಪ್ರಕಾಶ. “ಬ್ಯಾಂಕಿಂದು ಅಲ್ವಾ, ಆಡಿಟ್ ಬರ್ತಿದೆ. ಸಿಕ್ಕಿದ್ದೆಲ್ಲ ಹಾಕ್ಕೊಂಡಿದ್ದೆ ನೀನು.”

“ಕ್ಲೀನ್ ಅಂದ್ರೆ?”

“ಎಲ್ಲಾ ತೆಗೆದೆ. ನಿನ್ನ ಆ ಬನಿಯನ್ನುಗಳಿದ್ವಲ್ಲ, ಅವೂನೂ. ಪಾಸ್‌ವರ್ಡೂ ಬದಲಾಯಿಸಿದೀನಿ. ಆಟ ತಾನೆ, ಮತ್ತೆ ಮಾಡ್ಕೊಂಡ್ರಾಯ್ತು.”

ಲೀಲಾಳ ಕೈಯಲ್ಲಿದ್ದ ಸೌಟು ಗಾಳಿಯಲ್ಲಿ ನಿಂತಿತು. ಶರ್ವಾಣಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಎಸೆಯುತ್ತಾಳೆ ಅಂದುಕೊಂಡಳು. ಎಸೆಯಲಿ ಎಂದು ಆಸೆಪಟ್ಟಳು.

“ಹುಳಿ ಇನ್ನೊಂಚೂರು ಹಾಕ್ಲಾ?” ಎಂದಳು ಲೀಲಾ.

ಮರುದಿನದಿಂದ ಹೊಲಿಗೆ ಡಬ್ಬಿಗೆ ಪೆನ್ಸಿಲ್ಲು ಬಂದವು. ಒಂದು ಬದಿ ಖಾಲಿ ಇರುವ ಯಾವ ಕಾಗದವನ್ನೂ ಅವಳು ಬಿಡಲಿಲ್ಲ. ಬರೆದು, ಮಗಳ ಫೋನಿನಲ್ಲಿ ಫೋಟೋ ತೆಗೆಸಿ ಕಳಿಸುತ್ತಿದ್ದಳು. ಕಾಗದದ ಮೇಲೆ ಗೆದ್ದೇ ಫೈನಲ್ಲಿಗೆ ಬಂದಳು.

“ಫೈನಲ್ಲಲ್ಲಿ ನಮ್ಮದು ಕ್ಲ್ಯಾಶ್ ಜರ್ಸಿ ಕಣೇ,” ಎಂದಿದ್ದಳು ಸೋಮವಾರ, ಉದ್ದಿನಬೇಳೆ ನೆನೆಹಾಕುತ್ತ. “ಎದುರಾಳಿದೂ ಬೂದು ಬಣ್ಣ. ಲೆಕ್ಕಕ್ಕೆ ಗ್ರೌಂಡ್ ಅವರದ್ದು. ಅವರ ಗ್ರೌಂಡಿಗೆ ಹೋದವರು ತಮ್ಮ ಬಣ್ಣ ಬಿಟ್ಟು ಬೇರೆ ಹಾಕ್ಕೋಬೇಕು, ಅದೇ ರೂಲ್ಸು.”

“ದಟ್ಸ್ ಅನ್‌ಫೇರ್.”

“ಒಂಬತ್ತು ವರ್ಷದಿಂದ ಅದನ್ನೇ ಹಾಕ್ಕೊಂಡಿದೀನಲ್ಲ. ಅಭ್ಯಾಸ ಇದೆ,” ಎಂದು ಅಮ್ಮ ಬೇಳೆಯ ನೀರು ಬಸಿದಳು.

*

ಸ್ಮಶಾನದ ಕಚೇರಿಯಲ್ಲಿ ಒಂದೇ ಕಿಟಕಿ, ಒಂದೇ ಮೇಜು. ಮೇಜಿನ ಹಿಂದೆ ಲಾರೆನ್ಸ್ ಎಂಬ ನರೆತ ತಲೆಯ ಗುಮಾಸ್ತ. “ಪೋಲೆ ಸಾನಾ,” ಎಂದು ಎದ್ದುನಿಂತು ಸಂತಾಪ ಹೇಳಿ ಕೂತ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಕಾಲು. ಹೊರಗೆ ಸೌದೆ ಒಟ್ಟುತ್ತಿದ್ದರು.

ಹೆಸರು, ವಯಸ್ಸು, ವಿಳಾಸ. ಲಾರೆನ್ಸ್ ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ಪ್ರಕಾಶ ಹೇಳುತ್ತಿದ್ದ.

“ಉದ್ಯೋಗ?”

“ಇಲ್ಲ.”

ಯೋಚಿಸಿ ಹೇಳಿದ ಮಾತಲ್ಲ. ಪ್ರತಿ ನವೀಕರಣದಲ್ಲೂ ಅವಳ ಫಾರಮ್ಮಿನಲ್ಲಿ ಅವನೇ ಟೈಪ್ ಮಾಡಿದ್ದ ಪದ, ಬಾಯಿಗೆ ತಾನಾಗಿ ಬಂತು. ಲಾರೆನ್ಸ್ ದಾಖಲೆ ಪುಸ್ತಕದಲ್ಲಿ ಬರೆದುಕೊಂಡ. ಪಾಸಿನ ಅರ್ಜಿಯ ನಕಲು ಕೇಳಿದ. ಪ್ರಕಾಶ ನೀಲಿ ಫೈಲು ಬಿಚ್ಚಿ ಮೇಲೆ ಸಿಕ್ಕ ನಕಲನ್ನು ಕೊಟ್ಟ. ಗುಮಾಸ್ತರು ಕೇಳಿದಾಗ ಇಲ್ಲವೆನ್ನಬಾರದೆಂದು ಲೀಲಾ ಯಾವಾಗಲೂ ಮೂರು ನಕಲು ಹೆಚ್ಚಿಗೆ ತೆಗೆಸುತ್ತಿದ್ದಳು.

ಲಾರೆನ್ಸ್ ಅದನ್ನು ಪುಸ್ತಕದ ಮೇಲಿಟ್ಟು ದುಂಡನೆಯ ಮೊಹರನ್ನು ಒತ್ತಿದ. ನೇರಳೆ ಶಾಯಿ ಹಸಿಯಾಗಿತ್ತು. ಹಾಳೆಯನ್ನು ಎತ್ತಿ ಹಿಡಿದು ಊದಿದ.

ಹಾಳೆಯ ಹಿಂಬದಿ ಶರ್ವಾಣಿಯತ್ತ ತಿರುಗಿತು.

“ಅದೇ!” ಅವಳು ಕೂಗಿದ್ದಕ್ಕೆ ಹೊರಗೆ ಸೌದೆ ಒಟ್ಟುತ್ತಿದ್ದವರು ನಿಂತು ನೋಡಿದರು. “ಅಪ್ಪ, ಅದೇ! ಅಮ್ಮನ ಜರ್ಸಿ!”

ಲಾರೆನ್ಸ್ ಹಾಳೆ ಕೊಡಲಿಲ್ಲ. ಮೊಹರು ಬಿದ್ದ ಕಾಗದ ಕಚೇರಿಯದು, ಮೇಜು ದಾಟಿ ಹೋಗುವಂತಿಲ್ಲ ಎಂದ.

“ರೂಲ್ಸ್ ಕಣೇ,” ಎಂದ ಪ್ರಕಾಶ. “ಬಿಡು. ಹೊರಗೆ ಕಾಯ್ತಿದಾರೆ.”

ಶರ್ವಾಣಿ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪನಿಗೆ ಅವಳು ಸದಾ ಇಂಗ್ಲಿಷಿನಲ್ಲೇ ಜಗಳಾಡುವವಳು. ಈಗ ಕನ್ನಡದಲ್ಲಿ, ಒಂದೊಂದೇ ಪದ ಹೆಕ್ಕಿ ಹೇಳಿದಳು. “ಇನ್ನೂರ ಹನ್ನೆರಡು ನೀನು ಅಳಿಸಿದೆ. ಇದು ಒಂದು ಉಳಿದಿದೆ. ಇದನ್ನ ನಾನು ಬಿಡಲ್ಲ.”

ಇನ್ನೂರ ಹನ್ನೆರಡು. ಪ್ರಕಾಶ ಯಾವತ್ತೂ ಎಣಿಸಿರಲಿಲ್ಲ.

ವಿಮಲಾ ಮುಂದೆ ಬಂದು ಸ್ವಾಹಿಲಿಯಲ್ಲಿ ಲಾರೆನ್ಸನ ಹತ್ತಿರ ಮೆಲ್ಲಗೆ ಮಾತಾಡಿದಳು. ತಾಯಿ ಬರೆದ ಚಿತ್ರ, ಫೋಟೋ ಸಾಕು, ಒಂದು ನಿಮಿಷ. ಲಾರೆನ್ಸ್ ಕೈಯಲ್ಲಿದ್ದ ಹಾಳೆಯನ್ನೂ ಹುಡುಗಿಯ ಮುಖವನ್ನೂ ನೋಡಿದ. ಅದನ್ನು ಕೈಬಿಡದೆ ಎದ್ದು ಕಿಟಕಿಯ ಹತ್ತಿರ ಹೋಗಿ, ಗಾಜಿಗೆ ಒತ್ತಿ ಹಿಡಿದ. ಹಿಂದಿನಿಂದ ಮಧ್ಯಾಹ್ನದ ಬಿಸಿಲು ಬಿತ್ತು.

ಬಿಳಿಯ ಜರ್ಸಿ. ಎದೆಯ ಮೇಲೆ ಒಂದು ಮರಬೂ. ಐದು ವರ್ಷ ನೋಡುವವರ ಕಡೆಗೇ ಮುಖ ಮಾಡಿ ನಿಂತಿದ್ದ ಹಕ್ಕಿ ಈ ಸಲ ಬೆನ್ನು ಹಾಕಿ, ಭುಜ ಎತ್ತಿ, ಒಂದು ಕಾಲು ಮುಂದಿಟ್ಟು ದೂರ ಹೊರಟಿತ್ತು. ಬೂದು ಬೆನ್ನಿನ ಒಂದೊಂದು ಗರಿಯನ್ನೂ ಬೇರೆಬೇರೆಯಾಗಿ ಬರೆದಿದ್ದಳು. ಎಡಗಡೆಯ ಕೊನೆಯ ನಾಲ್ಕೈದು ಗರಿಗಳಿಗೆ ಬಣ್ಣ ಇರಲಿಲ್ಲ. ಹಕ್ಕಿಯ ತಲೆಯ ಮೇಲೆ, ಅದು ನಡೆದು ಹೊರಟ ದಿಕ್ಕಿನಲ್ಲಿ, ಹಾಳೆಯ ಮುಂಬದಿಯ ಮೊಹರಿನಿಂದ ಇಳಿದ ನೇರಳೆ ವೃತ್ತ.

ಶರ್ವಾಣಿ ಫೋಟೋ ತೆಗೆದಳು. ಮೊದಲೆರಡು ಮಸುಕಾದವು. ಮೂರನೆಯದು ಬಂತು. ಅಮ್ಮನ ಖಾತೆಯ ಪಾಸ್‌ವರ್ಡು ಅವಳೇ ಇಟ್ಟದ್ದು. ಕಳಿಸಿದಾಗ ಹನ್ನೆರಡು ಐವತ್ತೆರಡು.

ಪ್ರಕಾಶ ಕಿಟಕಿಯತ್ತಲೇ ನೋಡುತ್ತಿದ್ದ. ಬೆಳಕಿಗೆ ಹಾಳೆಯ ಮುಂಬದಿಯ ಅಕ್ಷರಗಳೂ ತಿರುವುಮುರುವಾಗಿ ಮೂಡಿದ್ದವು. ಹಕ್ಕಿಯ ಕಾಲಿನ ಕೆಳಗೆ, ಉದ್ಯೋಗದ ಮುಂದೆ, ಅವನೇ ಟೈಪ್ ಮಾಡಿದ ಆ ಒಂದು ಪದ.

“ಆ ಪುಸ್ತಕದಲ್ಲಿ,” ಎಂದು ಅವನು ಲಾರೆನ್ಸನಿಗೆ ಇಂಗ್ಲಿಷಿನಲ್ಲಿ ಕೇಳಿದ, “ಉದ್ಯೋಗ ಅಂತ ಬರೆದಿರಲ್ಲ. ಅದನ್ನ ಬದಲಾಯಿಸಬಹುದಾ?”

“ಮೊದಲೇ ಹೇಳಿದ್ದರೆ ಆಗುತ್ತಿತ್ತು,” ಎಂದ ಲಾರೆನ್ಸ್. “ಮೊಹರು ಬಿದ್ದ ಮೇಲೆ ಆಗದು, ಬ್ವಾನಾ.”

ಹೊರಗಿನಿಂದ ಪುರೋಹಿತರು ಕರೆದರು.

*

ಚಿತೆ ಹತ್ತಿಕೊಂಡ ಮೇಲೆ ಮೂವರೂ ಸಿಮೆಂಟಿನ ಬೆಂಚಿನ ಮೇಲೆ ಕೂತರು. ಶರ್ವಾಣಿಯ ಫೋನು ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಅವಳು ಓದಲಾರದೆ ಅಪ್ಪನ ಕೈಗೆ ಕೊಟ್ಟಳು.

ಮತ ಬೀಳತೊಡಗಿದ್ದವು. ಮೆಲ್ಬರ್ನಿನ ಟ್ರಾಮ್ ಚಾಲಕನೊಬ್ಬ ಮೊದಲು ಬರೆದಿದ್ದ: “ಮರಬೂ, ಆ ನೇರಳೆ ಸೂರ್ಯನನ್ನು ಹೇಗೆ ತಂದೆ ಮಾರಾಯ? ಐದು ವರ್ಷದಲ್ಲಿ ನಿನ್ನ ಅತಿ ದೊಡ್ಡ ಕೆಲಸ ಇದು.” ಅದರ ಕೆಳಗೆ ಇನ್ನೊಬ್ಬ, ಮತ್ತೊಬ್ಬ. ಎಲ್ಲರೂ ಸೂರ್ಯನ ಬಗ್ಗೆಯೇ ಕೇಳುತ್ತಿದ್ದರು.

ಪ್ರಕಾಶನ ಬೆರಳುಗಳಿಗೆ ತುಪ್ಪ ಮೆತ್ತಿತ್ತು. ತೆರೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದ. ಜಿಡ್ಡಿಗೆ ಜಾರಿತು, ಮತ್ತೆ ಹಿಗ್ಗಿಸಿದ. ಬಣ್ಣ ತುಂಬದ ಗರಿಗಳು ಅಂಚಿನಾಚೆ ಹೋದವು, ಹಕ್ಕಿ ಹೋಯಿತು, ಕೊನೆಗೆ ಸೂರ್ಯ ಒಂದೇ ತೆರೆಯ ತುಂಬ ನಿಂತಿತು. ಅದರ ಅಂಚಿನ ಸುತ್ತ ಸ್ಮಶಾನದ ಕಚೇರಿಯ ಹೆಸರು, ಒಳಗೆ ಇವತ್ತಿನ ತಾರೀಖು, ಎಲ್ಲವೂ ಬಲದಿಂದ ಎಡಕ್ಕೆ.