ಗಂಟೆಗೆ ಹನ್ನೆರಡೂವರೆ

ಚಂದ್ರಾ ಲೇಔಟಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಎರಡು ಸಾವಿರದ ಏಳನೆಯ ಇಸವಿಯ ಶ್ರಾವಣದಲ್ಲಿ ಗುರುಸಿದ್ದಯ್ಯನವರು ಶೇಂಗಾ ಚಟ್ನಿಪುಡಿ ಬೇಡವೆಂದ ಪ್ರಸಂಗಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಬೇಡವೆಂದದ್ದಷ್ಟೇ ಅಲ್ಲ, ಪುಡಿಯ ಡಬ್ಬಿಯನ್ನು ಬೆರಳ ತುದಿಯಿಂದ ಆಚೆಗೆ ಸರಿಸಿದರು. ಕೊಪ್ಪಳದ ಕಡೆಯ ಮನುಷ್ಯ. ರೊಟ್ಟಿಯ ಮೇಲೆ ಪುಡಿ, ಪುಡಿಯ ಮೇಲೆ ಕುಸುಬಿ ಎಣ್ಣೆ ಬೀಳದೆ ಊಟಕ್ಕೆ ಕೈ ಹಚ್ಚಿದವರೇ ಅಲ್ಲ. ಹೆಂಡತಿ ಜಗದಾಂಬಾ ಬಂದು ಹಣೆ ಮುಟ್ಟಿ ನೋಡಿದರು. ಜ್ವರವೇನೂ ಇರಲಿಲ್ಲ.

"ಯಾಕ್ರೀ, ಆಫೀಸಿನ್ಯಾಗ ಏನರ ಆತೇನು?"

"ಏನಿಲ್ಲ. ಈಗೆಲ್ಲ ಯಾರೂ ಇಷ್ಟು ಎಣ್ಣಿ ತಿನ್ನಂಗಿಲ್ಲ. ಮುಂಜಾನೆ ಓಟ್ಸ್ ತಿಂತಾರ."

"ಯಾರೂ ಅಂದ್ರ ಯಾರು?"

ಅವರ ಹೆಸರುಗಳು ಗುರುಸಿದ್ದಯ್ಯನವರಿಗೂ ಗೊತ್ತಿರಲಿಲ್ಲ.

ಮಗಳು ಐಶ್ವರ್ಯ ಇಂಜಿನಿಯರಿಂಗ್ ಸೇರಿದಾಗ ಮನೆಗೆ ಕಂಪ್ಯೂಟರ್ ಬಂದಿತ್ತು, ಅದರ ಬೆನ್ನಿಗೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಯಾವ ಬ್ಯಾಂಕಿನಲ್ಲಿ ಠೇವಣಿಗೆ ಕಾಲು ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಹುಡುಕುತ್ತ ಹೋದ ಗುರುಸಿದ್ದಯ್ಯನವರು ಹೋಗಿ ಹೋಗಿ ಒಂದು ಫೋರಮ್ಮಿನೊಳಕ್ಕೆ ಬಿದ್ದರು. ಊರಲ್ಲಿ ಅರಳಿಕಟ್ಟೆ ಇರುತ್ತದಲ್ಲ, ಹಾಗೆ. ವ್ಯತ್ಯಾಸವೆಂದರೆ ಈ ಕಟ್ಟೆಯ ಮೇಲೆ ಕೂತವರಿಗೆ ಮುಖವಿಲ್ಲ, ಸಂಬಳವಿದೆ. ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ವೈಟ್‌ಫೀಲ್ಡಿನ ಯಾರೋ ಒಬ್ಬ ಪುಣ್ಯಾತ್ಮನ ಗೋಳು. ಗಂಡ ಹೆಂಡತಿ ಸೇರಿ ವರ್ಷಕ್ಕೆ ನಲವತ್ತೆರಡು ಲಕ್ಷ ದುಡಿಯುತ್ತೇವೆ, ಕೈಗೆ ಬಾಯಿಗೆ ಸರಿಹೋಗುತ್ತಿದೆ, ನಾವು ಬಡವರೇ ಎಂದು ಆತ ಕೇಳಿದ್ದ. ಕೆಳಗೆ ನೂರಾರು ಮಂದಿ ಸಮಾಧಾನ ಹೇಳಿದ್ದರು. ಹೇಳುವ ಮುಂಚೆ ತಮ್ಮ ತಮ್ಮ ಆದಾಯವನ್ನೂ ಬರೆದಿದ್ದರು; ಅದು ಅಲ್ಲಿಯ ಸಂಪ್ರದಾಯ. ಗಂಡ ಇಷ್ಟು, ಹೆಂಡತಿ ಇಷ್ಟು, ಒಟ್ಟು ಇಷ್ಟು.

ಗುರುಸಿದ್ದಯ್ಯನವರಿಗೆ ಮೊದಲು ಪಾಪ ಅನ್ನಿಸಿತು. ನಿಜವಾಗಿಯೂ ಕರುಳು ಚುರ್ ಎಂದಿತು. ಮಾರನೆಯ ದಿನ ಹಲ್ಲುಜ್ಜುವಾಗ, ಬಾಯಲ್ಲಿ ನೊರೆ ಇರುವಾಗಲೇ, ಆತ ಬಡವನಾದರೆ ತಾನು ಯಾರು ಎಂಬ ಪ್ರಶ್ನೆ ಎದ್ದಿತು.

ಅಲ್ಲಿಯತನಕ ಅವರು ಅನುಕೂಲಸ್ಥರೇ ಆಗಿದ್ದರು. ವಿಜಯನಗರದ ಖಾಸಗಿ ಕಾಲೇಜೊಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್, ಸ್ವಂತ ಮನೆ, ಮೇಲೆ ಬಾಡಿಗೆಗೆ ಕೊಟ್ಟ ಒಂದು ಪೋರ್ಷನ್. ನೆಂಟರ ಮದುವೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಮಾಡಿಸಿ ಕೂರಿಸುತ್ತಿದ್ದರು. ಈಗ ಆ ಕುರ್ಚಿಯನ್ನು ಮುಖವಿಲ್ಲದ ಜನ ಎಳೆದುಕೊಂಡಂತಾಯಿತು. ಫ್ರಿಜ್ಜಿನ ಬಾಗಿಲು ತೆಗೆದರೆ ಅದು ಎಷ್ಟು ಲೀಟರಿನದು ಎಂದು ನೋಡತೊಡಗಿದರು. ಸ್ಕೂಟರನ್ನು ಒದ್ದು ಸ್ಟಾರ್ಟ್ ಮಾಡುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸಿದರು. ಆ ಬೀದಿಯಲ್ಲಿ ಎಲ್ಲರೂ ಒದ್ದೇ ಸ್ಟಾರ್ಟ್ ಮಾಡುತ್ತಿದ್ದರು.

"ಅಪ್ಪ, ಅವ್ರೆಲ್ಲ ಸುಮ್ನೆ ಬುರುಡೆ ಬಿಡ್ತಾರೆ ಕಣಪ್ಪ," ಎಂದಳು ಐಶ್ವರ್ಯ. ಬೆಂಗಳೂರಿನಲ್ಲೇ ಹುಟ್ಟಿದವಳು, ಅವಳ ಮಾತೂ ಬೆಂಗಳೂರಿನದೇ. "ಅದು ಫೋರಮ್ಮು, ಇನ್‌ಕಮ್ ಟ್ಯಾಕ್ಸ್ ಆಫೀಸಲ್ಲ. ಅಲ್ಲಿ ನಿಜ ಹೇಳ್ಬೇಕು ಅಂತ ಏನಿದೆ?"

ಸುಳ್ಳು ಹೇಳುವುದಾದರೂ ನಲವತ್ತೆರಡು ಎಂದೇ ಏಕೆ ಹೇಳಬೇಕು, ನಲವತ್ತು ಎನ್ನಬಹುದಿತ್ತಲ್ಲ ಎಂದು ಗುರುಸಿದ್ದಯ್ಯನವರು ಯೋಚಿಸಿದರು. ಆ ಎರಡು ಲಕ್ಷದಲ್ಲಿ ಅವರಿಗೆ ಸತ್ಯದ ವಾಸನೆ ಹೊಡೆಯಿತು.

ತಾವೂ ಸದಸ್ಯರಾಗಿ ತಮ್ಮ ಮನೆಯ ಆದಾಯ ಬರೆಯಲು ಕೂತಾಗ ತೊಡಕು ಬಂತು. ಗಂಡ ಎಂಬಲ್ಲಿ ಸಂಬಳ ಬರೆದರು, ಬಾಡಿಗೆ ಸೇರಿಸಿದರು. ಹೆಂಡತಿ ಎಂಬಲ್ಲಿ ಏನು ಬರೆಯುವುದು? ಅಲ್ಲಿದ್ದ ಎಲ್ಲರ ಹೆಂಡಂದಿರೂ ಲಕ್ಷಗಳಲ್ಲಿದ್ದರು. ಆಗ ಅಡುಗೆಮನೆಯಿಂದ ದಿನನಿತ್ಯದ ಪಟಪಟ ಸದ್ದು ಕೇಳಿಸಿತು. ಹತ್ತು ವರ್ಷಗಳಿಂದ ಕೇಳಿಸುತ್ತಲೇ ಇದ್ದದ್ದು ಅಂದು ಕಿವಿಗೆ ಬಿತ್ತು.

ಜಗದಾಂಬಾ ರೊಟ್ಟಿ ಬಡಿಯುತ್ತಿದ್ದರು. ವಿಜಯನಗರದಲ್ಲಿ ಖಾನಾವಳಿ ಇಟ್ಟಿದ್ದ ಭರಮಪ್ಪನಿಗೆ ದಿನಕ್ಕೆ ನೂರು ಜೋಳದ ರೊಟ್ಟಿ ಹೋಗುತ್ತಿದ್ದವು. ಮೂಡಲಪಾಳ್ಯದಿಂದ ಹನುಮವ್ವ ಬಂದು ಹಿಟ್ಟು ನಾದಿ ಕೊಡುವಳು, ಹಂಚಿನ ಮುಂದೆ ಕೂತು ಸುಡುವಳು. ಆರಿದ ರೊಟ್ಟಿಗಳನ್ನು ಜಗದಾಂಬಾ ಬಿಳಿ ಬಟ್ಟೆಯ ಮೇಲೆ ಪೇರಿಸುತ್ತ ಎಣಿಸುವುದು, ಅವರಪ್ಪ ಕಣದಲ್ಲಿ ಜೋಳ ಅಳೆಯುತ್ತಿದ್ದ ಹಾಗೆ: ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ. "ಲಾಭ, ಎರಡು, ಮೂರು..." ಆ ದುಡ್ಡು ಎಷ್ಟೆಂದು ಗಂಡ ಕೇಳಿದವರಲ್ಲ, ಹೆಂಡತಿ ಹೇಳಿದವರಲ್ಲ. ಮುಗಿದ ಸಿಲಿಂಡರಿನ ಹಿಂದೆಯೇ ಇನ್ನೊಂದು ಬಂದು ನಿಲ್ಲುತ್ತಿತ್ತು, ಹಬ್ಬಕ್ಕೆ ಮಗಳಿಗೆ ಚೂಡಿದಾರ ಬರುತ್ತಿತ್ತು. ಎಲ್ಲಿಂದ ಎಂದು ಕೇಳದಿರುವುದು ಆ ಮನೆಯ ಮರ್ಯಾದೆ.

"ಅಲ್ಲ, ನಿನ್ನ ರೊಟ್ಟಿ ವ್ಯವಹಾರ ಹೆಂಗ ನಡದೈತಿ?"

ಜಗದಾಂಬಾ ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದರು. "ಏನಂದ್ರಿ?"

ಇನ್ನೊಂದು ಸಲ ಹೇಳಿಸಿಕೊಂಡರು. ಮದುವೆಯಾಗಿ ಇಪ್ಪತ್ತೊಂದು ವರ್ಷ. ರೊಟ್ಟಿ ಮೆತ್ತಗಿದೆ, ದಪ್ಪಗಿದೆ ಎಂಬುದರ ಹೊರತು ಈ ಮನುಷ್ಯ ಅದರ ಬಗ್ಗೆ ಬೇರೆ ಮಾತಾಡಿದ್ದಿಲ್ಲ. ಅವರು ಮಗಳ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಜೋಳಕ್ಕೆಷ್ಟು, ಗಿರಣಿಗೆಷ್ಟು, ಗ್ಯಾಸಿಗೆಷ್ಟು, ಹನುಮವ್ವಗೆ ದಿನಕ್ಕೆ ನಲವತ್ತು, ಭರಮಪ್ಪ ರೊಟ್ಟಿಗೆ ಎರಡೂವರೆ ಕೊಡುತ್ತಾನೆ ಎಂದೆಲ್ಲ ಬಾಯಿಪಾಠದಂತೆ ಒಪ್ಪಿಸಿದರು. ಅಲ್ಲಿಗೇ ನಿಲ್ಲಲಿಲ್ಲ.

"ಹೊಸ ಜೋಳ ತರಬಾರದು, ರೊಟ್ಟಿ ಹರಿತಾವ. ಎಸರು ಕುದ್ದ ಮ್ಯಾಲ ಹಿಟ್ಟು ಅದನ್ನ ಕುಡೀಬೇಕು. ಕುಡೀತೋ ಇಲ್ಲೋ ಕೈಗೆ ಗೊತ್ತಾಗ್ತದ. ಭರಮಪ್ಪ ಏನಂತಾನ ಗೊತ್ತೇನ್ರಿ? ಅಯ್ಯಾರ ಮನಿ ರೊಟ್ಟಿ ಅಂದ್ರ ಮಂದಿ ಇನ್ನೆರಡು ಹೆಚ್ಚು ತಿಂತಾರ ಅಂತ. ಅದನ್ನೂ ಬರೀರಿ."

ಅದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಗುರುಸಿದ್ದಯ್ಯನವರು ಕಳೆದು ಕೂಡಿಸಿ, ತಿಂಗಳಿಗೆ ಎರಡು ಸಾವಿರದ ಆರುನೂರು ಚಿಲ್ಲರೆ ಎಂದು ಹಾಕಿದರು. ಅದು ತೀರಾ ಬೋಳಾಗಿ ಕಂಡಿದ್ದರಿಂದ ಮುಂದೆ 'ಸ್ವಂತ ಆಹಾರ ಉದ್ಯಮ, ದಿನಕ್ಕೆ ಏಳು ಗಂಟೆ, ನೂರು ರೊಟ್ಟಿ, ಒಬ್ಬ ಸಹಾಯಕಿ' ಎಂದು ಸೇರಿಸಿ, ಖರ್ಚಿನ ವಿವರವನ್ನೂ ಕೊಟ್ಟರು.

"ಉದ್ಯಮ ಅಂತ ಬರದ್ರಿ?" ಎಂದು ಜಗದಾಂಬಾ ಪರದೆಯತ್ತ ಬಗ್ಗಿ ನೋಡಿದರು. ಅಂದು ಊಟಕ್ಕೆ ಬದನೆಕಾಯಿ ಎಣಗಾಯಿ ಆಯಿತು. ಗುರುಸಿದ್ದಯ್ಯನವರು ಚಟ್ನಿಪುಡಿಯನ್ನೂ ಹಾಕಿಸಿಕೊಂಡರು.

ಭಾನುವಾರ ಬೆಳಿಗ್ಗೆ ತೆರೆದು ನೋಡಿದರೆ ಉತ್ತರಗಳು ಬಂದಿದ್ದವು. ಯಾರೂ ಬೈದಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. 'ಕೂಪರ್ಟಿನೊ ಕಿಟ್ಟಿ' ಎಂಬ ಹೆಸರಿನ ಅಮೆರಿಕವಾಸಿ ಬಹಳ ವಿನಯದಿಂದ ಲೆಕ್ಕ ಹಾಕಿದ್ದ. ತಮ್ಮ ಶ್ರೀಮತಿಯವರ ದುಡಿಮೆ ಗಂಟೆಗೆ ಹನ್ನೆರಡೂವರೆ ರೂಪಾಯಿ ಬೀಳುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಇದನ್ನು ಉದ್ಯಮ ಎನ್ನಲಾಗದು, ಹವ್ಯಾಸ ಎನ್ನಬಹುದು. ನಿಲ್ಲಿಸಿದರೆ ಅವರ ಸಮಯ ಉಳಿಯುತ್ತದೆ. ಕೆಳಗೆ ಇನ್ನೊಬ್ಬ, ಅಮೆರಿಕದಲ್ಲಿ ತನ್ನ ನಾಯಿಯನ್ನು ಅಡ್ಡಾಡಿಸುವವನಿಗೆ ಗಂಟೆಗೆ ಹತ್ತು ಡಾಲರ್ ಕೊಡುವುದಾಗಿ ತಿಳಿಸಿ ಒಂದು ನಗುಮುಖ ಅಂಟಿಸಿದ್ದ.

ತಪ್ಪಿರಬಹುದೆಂಬ ಆಸೆಯಿಂದ ಗುರುಸಿದ್ದಯ್ಯನವರು ತಾವೇ ಮತ್ತೆ ಲೆಕ್ಕ ಹಾಕಿದರು. ಸರಿಯಾಗಿತ್ತು. ಕೈ ನಿಲ್ಲದೆ ತಮ್ಮ ಸಂಬಳವನ್ನೂ ಗಂಟೆಗೆ ಭಾಗಿಸಿದರು. ಆ ನಾಯಿ ಅಡ್ಡಾಡಿಸುವವನ ಕಾಲು ಭಾಗವೂ ಬರಲಿಲ್ಲ. ಆ ಅಂಕಿಯನ್ನು ಅವರು ಯಾರಿಗೂ ಹೇಳಲಿಲ್ಲ.

"ರೀ, ಏನರ ಬಂತೇನು?" ಅಡುಗೆಮನೆಯಿಂದ ಕೂಗು ಬಂತು. "ನನ್ನ ರೊಟ್ಟಿಗೆ ಏನಂದ್ರು ಅವ್ರು?"

ಚೆನ್ನಾಗಿದೆಯಂತೆ ಎಂದು ಹೇಳಿ ಸ್ನಾನಕ್ಕೆ ಎದ್ದುಹೋಗಬಹುದಿತ್ತು. ಐಶ್ವರ್ಯ ಪೇಪರಿನ ಮೇಲಿಂದ ಕಣ್ಣೆತ್ತಿ ಅದನ್ನೇ ಹೇಳುವಂತೆ ನೋಡಿದಳು ಕೂಡ. ಆದರೆ ಸಣ್ಣವನಾಗಿ ಒಬ್ಬನೇ ಕೂರುವುದು ಕಷ್ಟ. ಗುರುಸಿದ್ದಯ್ಯನವರು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಗಂಟೆಕ ಹನ್ನೆರಡೂವರೆ ರೂಪಾಯಿ ಬೀಳ್ತದಂತ."

"ಏನು?"

"ನಿನ್ನ ಕೆಲಸ. ಅಮೆರಿಕಾದಾಗ ನಾಯಿ ಅಡ್ಡಾಡಸೋವ್ಗ ನಾಕುನೂರು ಕೊಡ್ತಾರಂತ. ಇದು ಉದ್ಯಮ ಅಲ್ಲ, ಹವ್ಯಾಸ ಅಂದಾರ."

ಜಗದಾಂಬಾ ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. ಆ ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿದರು.

ಒಲೆಯ ಮುಂದಿದ್ದ ಹನುಮವ್ವ ಕುತೂಹಲದಿಂದ ತಲೆಯೆತ್ತಿದಳು. "ಅಯ್ಯಾರ, ಹಂಗಾರ ನಂದೆಷ್ಟು ಬೀಳ್ತೈತ್ರಿ?"

ಯಾರಾದರೂ ಲೆಕ್ಕ ಕೇಳಿದರೆ ಹೇಳಿಬಿಡುವುದು ಇಪ್ಪತ್ತು ವರ್ಷದ ಆಫೀಸಿನ ಚಾಳಿ. ಹೇಳಬಾರದೆಂದು ಹೊಳೆಯುವ ಮುಂಚೆ ಬಾಯಿ ಹೇಳಿ ಮುಗಿಸಿತ್ತು. "ನಲವತ್ತಕ ಏಳು... ಐದು ರೂಪಾಯಿ ಎಪ್ಪತ್ತು ಪೈಸೆ."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಹನುಮವ್ವ ಅದನ್ನು ಬರಿಗೈಯಲ್ಲೇ ಎತ್ತಿ ಪಕ್ಕಕ್ಕಿಟ್ಟು ನಕ್ಕಳು.

"ನಾಯಿ ಕಾಯೋದ ಚಲೋ ಐತಿ ಬಿಡ್ರಿ ಅಕ್ಕಾರ. ಅದು ಒಲಿ ಮುಂದ ಕುಂಡ್ರು ಅನ್ನಂಗಿಲ್ಲ."

ಜಗದಾಂಬಾ ನಗಲಿಲ್ಲ. ಗಂಡನ ಕಡೆಗೂ ನೋಡಲಿಲ್ಲ, ಹನುಮವ್ವನ ಕಡೆಗೂ ನೋಡಲಿಲ್ಲ. ಕೂಪರ್ಟಿನೊ ಕಿಟ್ಟಿ ಎಷ್ಟೋ ಸಮುದ್ರಗಳಾಚೆ ಇದ್ದ. ಹನುಮವ್ವ ಒಂದು ಮೊಳದ ಅಂತರದಲ್ಲಿದ್ದಳು. ರೊಟ್ಟಿಗಳನ್ನು ಪೇರಿಸುವ ಹೊತ್ತಿಗೆ ಗುರುಸಿದ್ದಯ್ಯನವರು ಹೊರಗೆ ಕೂತು ಕೇಳಿಸಿಕೊಂಡರು: "ಒಂದು, ಎರಡು, ಮೂರು..."

ಮುಂದಿನ ವಾರ ಹನುಮವ್ವ ಎಪ್ಪತ್ತು ಕೇಳಿದಳು. ಜಗಳವಾಡಿ ಅಲ್ಲ, ಸೆರಗಿನ ತುದಿ ತಿರುವುತ್ತ ಕೇಳಿದಳು. ಎಪ್ಪತ್ತು ಕೊಟ್ಟರೆ ತನಗೆ ಅವಳಿಗಿಂತ ಕಡಿಮೆ ಉಳಿಯುತ್ತದೆಂದು ಜಗದಾಂಬಾಗೆ ಈಗ ಲೆಕ್ಕ ಹಾಕದೆಯೇ ಗೊತ್ತಾಗುತ್ತಿತ್ತು. ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಡುತ್ತೇನೆ ಎನ್ನಲೂ ಬರಲಿಲ್ಲ. ಹನುಮವ್ವ ಎರಡು ದಿನ ಕಾದು ಭರಮಪ್ಪನ ಖಾನಾವಳಿಗೇ ಹೋಗಿ ಹಂಚಿನ ಮುಂದೆ ಕೂತಳು. ಒಬ್ಬರೇ ಆದ ಮೇಲೆ ಜಗದಾಂಬಾ ಐವತ್ತು ಬಡಿದರು, ಮೂವತ್ತು ಬಡಿದರು. ಆಮೇಲೆ ಒಂದು ಮುಂಜಾನೆ ಎಸರಿಡಲಿಲ್ಲ.

ಭರಮಪ್ಪ ಮೊಪೆಡ್ಡಿನಲ್ಲಿ ಬಂದು ಗೇಟಿನ ಬಳಿ ನಿಂತ. "ಅಕ್ಕಾರ, ಆ ಹನುಮವ್ವ ಸುಡಾಕ ಚಲೋ, ಬಡಿಯಾಕ ಅಲ್ಲ. ಮಂದಿ ಮಾರಿ ತಿರುವ್ಯಾರ. ನಾಕಾಣೆ ಹೆಚ್ಚು ಕೊಡ್ತೀನಿ, ನಡಸ್ರಿ."

"ಗಂಟೆಕ ಎಷ್ಟು ಬೀಳ್ತದ ಅವ್ರನ್ನ ಕೇಳ್ರಿ," ಎಂದು ಜಗದಾಂಬಾ ಒಳಗೆ ಬೆರಳು ತೋರಿದರು. "ಅವ್ರ ಕಡೆ ಲೆಕ್ಕ ಐತಿ."

ಭರಮಪ್ಪ ಒಳಗೆ ಇಣುಕಿದ. ಗುರುಸಿದ್ದಯ್ಯನವರು ಪೇಪರಿನಲ್ಲಿ ಮುಖ ಹುದುಗಿಸಿದ್ದರು. ಏನೂ ಅರ್ಥವಾಗದೆ ಆತ ಖಾಲಿ ಬುಟ್ಟಿಯೊಂದಿಗೆ ಹಿಂದಿರುಗಿದ.

ಮನೆಯಲ್ಲಿ ಸದ್ದಡಗಿತು. "ಯಾಕೆ ಆಂಟಿ, ಸೌಂಡೇ ಇಲ್ಲ, ಊರಿಗೆ ಹೋಗಿದ್ರಾ?" ಎಂದು ಮೇಲಿನ ಬಾಡಿಗೆಯವರು ಕೇಳಿದರು. ಗುರುಸಿದ್ದಯ್ಯನವರು ಮಧ್ಯಾಹ್ನ ಊಟಕ್ಕೆ ಬಂದಾಗ ಜಗದಾಂಬಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂತಿರುತ್ತಿದ್ದರು. ಟಿವಿ ಕೂಡ ಹಾಕಿರುತ್ತಿರಲಿಲ್ಲ. ಕಿಟ್ಟಿ ಹೇಳಿದ್ದ ಉಳಿತಾಯದ ಸಮಯ ಅದೇ ಇರಬೇಕು. ತಟ್ಟೆಯಲ್ಲಿ ಅನ್ನ, ಸಾರು.

"ರೊಟ್ಟಿ?"

"ಬೆಂಗಳೂರಾಗ ಇದ್ದ ಮ್ಯಾಲ ಬೆಂಗಳೂರಿನ ಊಟ ಮಾಡ್ರಿ."

ಗುರುಸಿದ್ದಯ್ಯನವರು ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂತು, ಎತ್ತರದ ದನಿಯಲ್ಲಿ, ಓದುವವರಂತೆ ಹೇಳಿದರು: "ಅಲ್ಲ, ಇಲ್ಲೆ ಕೇಳು, ಬೋಸ್ಟನ್ನಿನ್ಯಾಗ ಒಬ್ಬಾವ ಬರದಾನ. ಇಂಥಾ ರೊಟ್ಟಿ ಅಲ್ಲಿ ಒಂದಕ್ಕ ಎರಡು ಡಾಲರ್ ಆಗ್ತದಂತ."

ಪರದೆಯ ಮೇಲೆ ಅಂಥದ್ದೇನೂ ಇರಲಿಲ್ಲ. ಜಗದಾಂಬಾ ನಡುಮನೆಯಿಂದ ಎದ್ದೂ ಬರಲಿಲ್ಲ.

"ಹೌದೇನು? ಹಂಗಾರ ಅವ್ರೇ ಬಡಕೊಳ್ಳಲಿ."

ಗುರುಸಿದ್ದಯ್ಯನವರು ತಮ್ಮ ಪುಟ ತೆರೆದರು. ಹೆಂಡತಿ ಎಂಬಲ್ಲಿ ಇದ್ದದ್ದನ್ನು ಅಳಿಸಿ ಸೊನ್ನೆ ಹಾಕಿದರು. ಸರ್ಕಾರಿ ಕಾಗದವಿರಲಿ ಫೋರಮ್ಮಿರಲಿ, ಗೊತ್ತಿದ್ದೂ ತಪ್ಪು ಅಂಕಿ ಬಿಡುವ ಜಾಯಮಾನ ಅವರದಲ್ಲ. ಮಾರನೆಯ ದಿನ ಕೂಪರ್ಟಿನೊ ಕಿಟ್ಟಿ ಅದನ್ನು ಗಮನಿಸಿ, ಜಾಣ ನಿರ್ಧಾರ, ಶ್ರೀಮತಿಯವರಿಗೆ ಅಭಿನಂದನೆ ತಿಳಿಸಿ ಎಂದು ಬರೆದ. ಗುರುಸಿದ್ದಯ್ಯನವರು ತಿಳಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ಅನ್ನ ಸಾರಿನಿಂದ ಅವರ ಹೊಟ್ಟೆ ಕೆಟ್ಟಿತು. ಈಗ ಆ ಮನೆಗೆ ರೊಟ್ಟಿ ಭರಮಪ್ಪನ ಖಾನಾವಳಿಯಿಂದ ಬರುತ್ತದೆ, ಒಂದಕ್ಕೆ ಮೂರು ರೂಪಾಯಿ.