ಅರ್ಧ ಕೇಳಿದ ದನಿ

"ಸಿಮ್ಮಿಗೆ ಏನೂ ಆಗಿಲ್ಲ ಮೇಡಂ," ಎಂದ ಭೂತಗನ್ನಡಿ. ಆ ಮೊಬೈಲ್ ರಿಪೇರಿಯವನ ನಿಜವಾದ ಹೆಸರು ರಸ್ತೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹಣೆಗೆ ಏರಿಸಿಕೊಂಡ ದಪ್ಪ ಗಾಜೇ ಅವನ ಹೆಸರಾಗಿಬಿಟ್ಟಿತ್ತು. "ಫೋನು ಅಪ್ಪಚ್ಚಿ ಆದ್ರೂ ಇದು ಹಾಗೇ ಉಳ್ಕೊಂಡಿದೆ ನೋಡಿ. ಈ ಹಳೇ ಸೆಟ್ಟಿಗೆ ಹಾಕಿದೀನಿ. ಸಿಗ್ನಲ್ ಬಂತು."

ಪರದೆಯ ಮೂಲೆಯಲ್ಲಿ ಒಂದೊಂದಾಗಿ ಎದ್ದು ನಿಂತ ಕಡ್ಡಿಗಳನ್ನು ಅಕ್ಕ ನೋಡುತ್ತ ನಿಂತಳು. ತಂಗಿ ಹೋಗಿ ವರ್ಷ ತುಂಬುತ್ತ ಬಂದಿತ್ತು. ಲಾರಿಯಡಿ ಸಿಕ್ಕ ಸ್ಕೂಟರು ಗುಜರಿಗೆ ಹೋಯಿತು, ಬಟ್ಟೆಗಳು ಅವರಿವರ ಮನೆ ಸೇರಿದವು, ನಂಬರು ಮಾತ್ರ ಇನ್ನೂ ಜೀವ ಹಿಡಿದುಕೊಂಡಿತ್ತು. ರೀಚಾರ್ಜ್ ನಿಲ್ಲಿಸಬೇಡ ಎಂದು ಅಮ್ಮ ಹಟ ಹಿಡಿದಿದ್ದಳು. ಯಾಕೆ ಎಂದು ಕೇಳಿದರೆ, "ಇರ್ಲಿ ಬಿಡು, ಅದೂ ಒಂದು ಇರ್ಲಿ," ಎನ್ನುತ್ತಿದ್ದಳು. ಹೆತ್ತ ಕರುಳಿನ ಜೊತೆ ವಾದ ಮಾಡುವುದುಂಟೇ ಎಂದು ಅಕ್ಕ ರೀಚಾರ್ಜ್ ಮಾಡಿಸುತ್ತಲೇ ಬಂದಿದ್ದಳು. ಇವತ್ತು ಅಮ್ಮನ ಸೂಜಿದಾರದ ಡಬ್ಬಿಯಿಂದ ಆ ಸಿಮ್ಮನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದಳು. ಒಂದು ವರ್ಷ ತೆರೆಯದ ಖಾತೆಯನ್ನು ಆ ಮೆಸೇಜಿನ ಆ್ಯಪು ಅಳಿಸಿಹಾಕುತ್ತದಂತೆ, ಹಾಗಂತ ಲ್ಯಾಬಿನಲ್ಲಿ ಯಾರೋ ಹೇಳಿದ್ದರು.

"ಆ್ಯಪಿನ ಒಳಗೆ ಹೋಗೋಕೆ ನಿಮ್ಮ ತಂಗಿಯವರ ಪಿನ್ ಬೇಕು. ಅದು ನನ್ನ ಕೈಲಿಲ್ಲ," ಎಂದ ಭೂತಗನ್ನಡಿ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ ಅವನು. ಫೋನಿನ ವಿಷಯ ಬಂದರೆ ಅವನಿಗೆ ಒಂದು ಅಭಿಪ್ರಾಯ ಇದ್ದೇ ಇರುತ್ತಿತ್ತು. "ಬೆರಳಚ್ಚು ಲಾಕು ನಂಬ್ಬೇಡಿ ಮೇಡಂ, ಮಲಗಿದ್ದಾಗ ಯಾರು ಬೇಕಾದ್ರೂ ಬೆರಳು ಒತ್ತಿಸ್ಕೋಬಹುದು. ಫ್ರೀ ಆಂಟಿವೈರಸ್ಸಂತೂ ಮನೇಗೇ ಕರ್ಕೊಳ್ಬೇಡಿ. ನಿಮ್ಮ ಪಾಸ್‌ವರ್ಡ್ ಏನಿಟ್ಟಿದೀರಿ? ಹುಟ್ಟಿದ ತಾರೀಖಾ?"

ಅಕ್ಕ ಪರ್ಸು ತೆರೆದು ದುಡ್ಡು ಎಣಿಸತೊಡಗಿದಳು. ಅವನು ನಕ್ಕ. "ಎಲ್ಲರೂ ಅದೇ ಇಡೋದು."

ತಂಗಿಯೂ ಇದೇ ಮಾತಿಗೆ ಅಕ್ಕನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಯಂತ್ರಕ್ಕೆ ಯಾವತ್ತೂ ನಿಜ ಹೇಳಬಾರದು ಎಂಬುದು ಅವಳ ಪಾಲಿಸಿ. "ಹುಟ್ಟಿದೂರು ಯಾವ್ದು ಅಂತ ಕೇಳಿದ್ರೆ ನಾನು ಕಣ್ಣಲ್ಲೂ ನೋಡದ ಊರು ಬರೀತೀನಿ. ಇಷ್ಟದ ತರಕಾರಿ ಅಂದ್ರೆ ಬದನೆಕಾಯಿ. ನಿಜಾನ ಯಾರು ಬೇಕಾದ್ರೂ ಹುಡುಕಿ ತೆಗೀಬಹುದು ಅಕ್ಕಾ, ಸುಳ್ಳನ್ನ ಹೇಗೆ ಹುಡುಕ್ತಾರೆ?" ಬದನೆಕಾಯಿ ಕಂಡರೆ ತಟ್ಟೆ ಬಿಟ್ಟು ಏಳುತ್ತಿದ್ದ ಹುಡುಗಿ.

ಅಕ್ಕನ ಪಾಲಿಸಿ ಬೇರೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ವರದಿ ಹೋಗಿ ಒಂದು ವಾರವಾಯಿತೆಂದರೆ ಟ್ಯೂಬುಗಳು ಕಸಕ್ಕೆ, ಟ್ರೇ ಖಾಲಿ. ಮೊಬೈಲಿನಲ್ಲೂ ಅದೇ ಲೆಕ್ಕ. ಬಂದ ಮೆಸೇಜು ತನ್ನ ಫೋನಿನಿಂದ ಮಾತ್ರ ವಾರದೊಳಗೆ ತಾನಾಗಿಯೇ ಅಳಿಸಿಹೋಗುವಂತೆ ಮಾಡಿಟ್ಟಿದ್ದಳು. ಕಸ ಗುಡಿಸಿದ ಅಂಗಳದ ಹಾಗೆ ಇರಬೇಕು ಫೋನು, ಎನ್ನುತ್ತಿದ್ದಳು. ಇನ್ನೊಂದು ಅಭ್ಯಾಸವೂ ಇತ್ತು. ಯಾರು ಏನು ಮಾತಾಡಿ ಕಳಿಸಿದರೂ ಎರಡು ಪಟ್ಟು ವೇಗದಲ್ಲಿ ಓಡಿಸಿ ಕೇಳುವುದು. ಟ್ರೇ ಕೈಯಲ್ಲಿರುವಾಗ ಪುರುಸೊತ್ತು ಎಲ್ಲಿಯದು?

ಆ ದಿನ ತಂಗಿ ಕಳಿಸಿದ್ದನ್ನೂ ಹಾಗೆಯೇ ಕೇಳಿದ್ದಳು. ಅಳಿಲು ಕಿಚಗುಟ್ಟಿದಂತೆ, "ಅಕ್ಕಾ, ಬರೋದು ತಡ ಆಗುತ್ತೆ" ಎಂಬಷ್ಟು ಕಿವಿಗೆ ಬಿತ್ತು. ತಿಳಿಯಿತಲ್ಲ ಎಂದು ಅರ್ಧಕ್ಕೇ ನಿಲ್ಲಿಸಿ ಫೋನನ್ನು ಜೇಬಿಗೆ ಹಾಕಿದಳು. ಮುಂದೆ ಬಂದದ್ದು ಆಸ್ಪತ್ರೆಯಿಂದ ಬಂದ ಕರೆ. ಆಮೇಲೆ ಬಂಧು ಬಳಗ, ಓಡಾಟ, ಅಳು. ನೆನಪಾಗಿ ಫೋನು ತೆರೆಯುವ ಹೊತ್ತಿಗೆ ವಾರ ಮುಗಿದಿತ್ತು. ಗುಡಿಸಿದ ಅಂಗಳದಷ್ಟು ಚೊಕ್ಕಟವಾಗಿತ್ತು ಫೋನು.

"ಅವತ್ತು ಏನಾದ್ರೂ ಹೇಳಿದ್ಲೇನೇ?" ಎಂದು ಅಮ್ಮ ಆಗಾಗ ಕೇಳುತ್ತಿದ್ದಳು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಸುಮ್ಮನೆ ಕಿಟಕಿಯ ಹತ್ತಿರ ಕುಳಿತಾಗ.

"ತಡ ಆಗುತ್ತೆ ಅಂದ್ಲಮ್ಮ."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಅಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಆ ಇನ್ನರ್ಧ ಅವಳನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿತ್ತು. ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಗುಂಯ್ಗುಡುವಾಗ ಅದರೊಳಗಿಂದ ತಂಗಿ ಬೇಗಬೇಗ ಏನೋ ಹೇಳಿದಂತಾಗುತ್ತಿತ್ತು. ಯಂತ್ರ ನಿಂತರೆ ಮಾತೂ ನಿಲ್ಲುತ್ತಿತ್ತು. ತಂಗಿ ಒಂದಕ್ಷರವನ್ನೂ ಅಳಿಸುವವಳಲ್ಲ. ಅವಳ ಖಾತೆಯಲ್ಲಿ ಅದು ಇದ್ದೇ ಇರಬೇಕು.

ಮನೆಗೆ ಬಂದಾಗ ಅಮ್ಮ ಊಟ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು. ಮಧ್ಯಾಹ್ನದ ಬಿಸಿಲು ಆ ಕೋಣೆಯ ಕಿಟಕಿಯಿಂದ ಬಂದು ಬಾಗಿಲಿನಡಿ ಒಂದು ಗೆರೆಯಾಗಿ ಹಜಾರಕ್ಕೆ ಇಣುಕುತ್ತಿತ್ತು. ಅಕ್ಕ ಮೇಜಿನ ಮುಂದೆ ಕುಳಿತು ಹಳೇ ಫೋನನ್ನು ತೆರೆದಳು. ಪಿನ್ ಮರೆತಿದೆ ಎಂದು ಒತ್ತಿದಳು. ತಂಗಿ ತಾನೇ ಆರಿಸಿಟ್ಟಿದ್ದ ಪ್ರಶ್ನೆ ಬಂತು. ಬಾಲ್ಯದಲ್ಲಿ ನಿಮಗೆ ಎಲ್ಲರಿಗಿಂತ ಆಪ್ತರಾಗಿದ್ದವರು ಯಾರು?

ಒಂದೇ ಹಾಸಿಗೆ, ಒಂದೇ ಹೊದಿಕೆ, ಒಂದೇ ಬಾಚಣಿಗೆ. ಇದನ್ನೂ ಕೇಳಬೇಕೇ? 'ಅಕ್ಕ' ಎಂದು ಬರೆದಳು.

ತಪ್ಪು ಉತ್ತರ.

ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಸತ್ತವಳ ಮೇಲೆ ಮುನಿಸಿಕೊಳ್ಳುವುದು ಹುಚ್ಚುತನ, ಆದರೂ ಮುನಿಸು ಬಂತು. 'ಅಮ್ಮ' ಎಂದು ಬರೆದಳು. ಅದೂ ತಪ್ಪು. ಇನ್ನು ಒಂದೇ ಅವಕಾಶ, ಆಮೇಲೆ ಖಾತೆ ಮುಚ್ಚುತ್ತೇವೆ ಎಂದಿತು ಪರದೆ.

ಅವಳು ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಒಳಗೆ ಅಮ್ಮನ ಮಂಚ ಕಿರುಗುಟ್ಟಿ ಸುಮ್ಮನಾಯಿತು. ತಟ್ಟೆ ತಳ್ಳಿ ಎದ್ದ ಪುಟ್ಟ ಹುಡುಗಿ, ಮೂಗು ಮುರಿದ ಮುಖ, ಬದನೆಕಾಯಿ. ಆಗ ಹೊಳೆಯಿತು. ಅವಳು ಯಂತ್ರಕ್ಕೆ ಹೇಳಿದ್ದು ಬರಿಯ ಸುಳ್ಳಲ್ಲ, ಪ್ರತಿಸಲವೂ ನಿಜದ ತಲೆಕೆಳಗು. ಹಾಗಾದರೆ ಎಲ್ಲರಿಗಿಂತ ಆಪ್ತರು ಎಂದರೆ ಚಿಕ್ಕಂದಿನಲ್ಲಿ ಅವಳಿಗೆ ಕಂಡರಾಗದವರು. ತಾನು ತಪ್ಪು ಉತ್ತರವಾದದ್ದೇ ಸರಿ ಎಂದು ಅಕ್ಕನಿಗೆ ಅನ್ನಿಸಿದಾಗ ಕಣ್ಣು ಮಂಜಾಯಿತು.

ಕಂಡರಾಗದವರು ಒಬ್ಬರೇ. ಪಕ್ಕದ ಮನೆಯ ಮುದುಕಿ. ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ಅವರು ಒಂದು ಸಲವೂ ಹಿಂದಕ್ಕೆ ಕೊಟ್ಟವರಲ್ಲ. ತಂಗಿ ಗೇಟಿನ ಮುಂದೆ ನಿಂತು ಅಳುತ್ತಿದ್ದರೆ ಕಿಟಕಿಯಿಂದ ನೋಡುತ್ತ ಕೂರುತ್ತಿದ್ದರು.

ತಂಗಿ ಅವರಿಗಿಟ್ಟಿದ್ದ ಹೆಸರನ್ನೇ, 'ಚೆಂಡಜ್ಜಿ' ಎಂದು ಬರೆದಳು.

ಸ್ವಾಗತ, ಎಂದಿತು ಫೋನು. ಮೇಲೆ ತಂಗಿಯ ಫೋಟೋ ಬಂತು, ನಾಲಗೆ ಚಾಚಿಕೊಂಡದ್ದು. ಹಳೆಯದೆಲ್ಲ ನಿಧಾನವಾಗಿ ಮರಳಿ ಬರತೊಡಗಿತು. ಅಷ್ಟರಲ್ಲಿ ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಬಿಡುವಿಲ್ಲದೆ ಒಂದರ ಹಿಂದೊಂದು. ಎಲ್ಲವೂ ಒಂದೇ ಹೆಸರಿನಿಂದ. ಅಮ್ಮ.

ಅಕ್ಕನ ಬೆರಳು ತಾನಾಗಿಯೇ ಅದನ್ನು ಒತ್ತಿಬಿಟ್ಟಿತು.

'ಊಟ ಆಯ್ತಾ?'

'ನಿನ್ನ ಗಿಡ ಹೂ ಬಿಟ್ಟಿದೆ. ನೀನು ಬಿಡಲ್ಲ ಅಂದಿದ್ದೆ.'

'ಮಂಡಿ ನೋವು ಜಾಸ್ತಿ ಆಗಿದೆ. ನಿಮ್ಮಕ್ಕಂಗೆ ಹೇಳ್ಬೇಡ, ಬೈತಾಳೆ.'

'ನಿಮ್ಮಕ್ಕ ಸರಿಯಾಗಿ ನಿದ್ದೆ ಮಾಡ್ತಿಲ್ಲ ಕಣೇ.'

'ಬಾಗಿಲು ಹಾಕಿಲ್ಲ. ಬಾ.'

ವರ್ಷವಿಡೀ ಬರೆದದ್ದು. ಅದಕ್ಕೇ ರೀಚಾರ್ಜು. ಮೇಲಿನಿಂದ ಕೆಳಗಿನವರೆಗೆ ಜಾರಿಸುತ್ತ ಹೋದ ಅಕ್ಕನ ಕೈ ಥಟ್ಟನೆ ನಿಂತಿತು. ತಾನು ಇದನ್ನು ತೆರೆದ ಕ್ಷಣವೇ ಅತ್ತ ಅಮ್ಮನ ಫೋನಿನಲ್ಲಿ ಪ್ರತಿ ಸಾಲಿನ ಪಕ್ಕ ಓದಿದ ಗುರುತಾಗಿ ಎರಡು ನೀಲಿ ಗೀಟು ಬಿದ್ದಿರುತ್ತವೆ. ಮಗಳ ಹೆಸರಿನ ಕೆಳಗೆ ಆನ್‌ಲೈನ್ ಎಂದಿರುತ್ತದೆ. ಇಷ್ಟು ಯೋಚಿಸಿರಲೇ ಇಲ್ಲ ಅವಳು. ಮುಚ್ಚಲು ಹೋದಳು.

ಮಂಚ ಕಿರುಗುಟ್ಟಿತು. ಪರದೆಯ ಮೇಲ್ಭಾಗದಲ್ಲಿ, ಅಮ್ಮ ಟೈಪ್ ಮಾಡುತ್ತಿದ್ದಾರೆ, ಎಂದು ಬಂತು. ಹೋಯಿತು. ಮತ್ತೆ ಬಂತು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಆ ತೋರುಬೆರಳು ಅಕ್ಕನಿಗೆ ಗೋಡೆಯಾಚೆಯಿಂದಲೂ ಕಾಣುತ್ತಿತ್ತು.

'ಯಾಕೆ ಇಷ್ಟು ತಡ ಮಾಡ್ದೆ?'

ಏನೆಂದು ಬರೆಯುವುದು? ಅಮ್ಮಾ, ಇದು ನಾನು, ಎಂದೇ? ಏನೂ ಬರೆಯದೆ ಆರಿಸಿಬಿಟ್ಟರೆ ಆ ಜೀವ ಇನ್ನೆಷ್ಟು ದಿನ ಫೋನು ಹಿಡಿದುಕೊಂಡು ಕೂತೀತು? ಬಾಗಿಲಿನಡಿಯ ಬಿಸಿಲಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿತು. ಚಿಲಕ ತೆಗೆದ ಸದ್ದಾಗಲಿಲ್ಲ. ನೆರಳು ನಿಂತೇ ಇತ್ತು.

ಅಕ್ಕ ಅಮ್ಮನ ಪುಟದಿಂದ ಹಿಂದಕ್ಕೆ ಬಂದು, 'ಅಕ್ಕ' ಎಂಬ ಹೆಸರನ್ನು ಒತ್ತಿದಳು. ಕಟ್ಟಕಡೆಯಲ್ಲಿ ಅದಿತ್ತು. ಪಕ್ಕದಲ್ಲಿದ್ದ ವೇಗದ ಗುರುತು ಮಾಮೂಲಿಯಲ್ಲೇ ಇತ್ತು. ದನಿ ಪೂರ್ತಿ ಏರಿಸಿ ಫೋನನ್ನು ಬಾಗಿಲಿನ ಕಡೆಗೆ ಹಿಡಿದು ಒತ್ತಿದಳು.

"ಅಕ್ಕಾ, ಬರೋದು ತಡ ಆಗುತ್ತೆ." ಹಿಂದೆ ವಾಹನಗಳ ಸದ್ದು. ತಂಗಿ ಎಷ್ಟು ನಿಧಾನವಾಗಿ ಮಾತಾಡುತ್ತಿದ್ದಳು ಎಂಬುದೇ ಅಕ್ಕನಿಗೆ ಮರೆತುಹೋಗಿತ್ತು. "ಅಮ್ಮಂಗೆ ಹೇಳೇ, ನನಗೋಸ್ಕರ ಕಾಯ್ತಾ ಕೂರ್ಬೇಡ ಅಂತ. ಊಟ ಮಾಡಿ ಮಲಗ್ಲಿ. ಹೇಳ್ತೀಯ ತಾನೇ? ನೀನು ಅರ್ಧಕ್ಕೇ ನಿಲ್ಸಿರ್ತೀಯ, ನಂಗೊತ್ತು." ಒಂದು ನಗು. ಆಮೇಲೆ ಹಾರ್ನಿನ ಸದ್ದು, ಮುಗಿಯಿತು.

ಬಾಗಿಲಿನಡಿಯ ನೆರಳು ಅಲ್ಲಾಡಿತು. ಅಮ್ಮ ಬಾಗಿಲಿಗೆ ಒರಗಿ ಮೆಲ್ಲಗೆ ನೆಲಕ್ಕೆ ಕುಳಿತದ್ದು ಹಲಗೆ ಜರುಗಿದ ಸದ್ದಿನಿಂದ ತಿಳಿಯಿತು. ಬಿಸಿಲಿನ ಗೆರೆ ಪೂರ್ತಿ ಮುಚ್ಚಿಹೋಯಿತು.

"ಇನ್ನೊಂದ್ಸಲ ಹಾಕೇ," ಎಂದಿತು ಒಳಗಿನ ದನಿ.

ಅಕ್ಕ ಎದ್ದು ಹೋಗಿ ಬಾಗಿಲಿನ ಈಚೆ ಬದಿಗೆ ಬೆನ್ನು ಕೊಟ್ಟು ಕುಳಿತಳು. ಫೋನನ್ನು ಆ ಸಂದಿಯ ಹತ್ತಿರ ನೆಲಕ್ಕಿಟ್ಟು ಮತ್ತೆ ಒತ್ತಿದಳು.