ಎರಡು ಎಡತೋಳು

ಬ್ಯಾಂಡ್ ಮೇಷ್ಟ್ರ ಕೋಟಿಗೆ ಅಕ್ಕ ಕತ್ತರಿಸಿದ ಎರಡು ತೋಳೂ ಎಡಗೈಯವೇ ಆಗಿಬಿಟ್ಟಿದ್ದವು. ತಮ್ಮ ಅವೆರಡನ್ನೂ ಬಟ್ಟೆಯ ಮುಖ ಮೇಲೆ ಮಾಡಿ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟ. ಅಂಚಿಗೆ ಅಂಚು ಸರಿಯಾಗಿ ಕೂತಿತು. ಕೂರಬಾರದಿತ್ತು. ಅವನು ಬೈಯಲಿಲ್ಲ, ತಲೆ ಚಚ್ಚಿಕೊಳ್ಳಲಿಲ್ಲ, ಸುಮ್ಮನೆ ಅಕ್ಕನ ಕೈಯಿಂದ ಕತ್ತರಿ ತೆಗೆದುಕೊಂಡು ತನ್ನ ಮೆಷಿನ್ನಿನ ಡ್ರಾಯರಿಗೆ ಹಾಕಿದ. ಬೈದಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗಿನಿಂದ ಆ ಅಂಗಡಿಯಲ್ಲಿ ಹೊಲಿಗೆ ತಮ್ಮನದು, ಕತ್ತರಿ ಅಕ್ಕನದು. ಅವಳಿಗಿಂತ ವಯಸ್ಸಾದ ಗಿರಾಕಿಗಳೂ ಅವಳನ್ನು ಮಾಸ್ಟರಕ್ಕ ಎಂದೇ ಕರೆಯುತ್ತಿದ್ದರು. ಆಮೇಲೆ ಕಾಯಿಲೆ ಬಂತು, ಕೀಮೋ ಬಂತು, ಕೂದಲು ಹೋಗಿ ಮತ್ತೆ ಬೆರಳಗಲ ಬೆಳೆಯಿತು. ಗಡ್ಡೆ ಹೋಗಿದೆ ಎಂದರು ಡಾಕ್ಟರು. ಆದರೆ ತಲೆಯೊಳಗೆ ಒಂದು ಮಂಜು ಉಳಿದುಕೊಂಡಿತ್ತು. ಬಾಯಿಗೆ ಬಂದ ಮಾತು ತುಟಿ ದಾಟುವಷ್ಟರಲ್ಲಿ ಮಾಯ. ಸಕ್ಕರೆ ಡಬ್ಬಿ ದಾರದ ಬೀರುವಿನಲ್ಲಿ ಸಿಗುತ್ತಿತ್ತು, ದಾರದ ಉಂಡೆ ಅಡುಗೆಮನೆಯಲ್ಲಿ. ಒಳಗಿನ ಕೋಣೆಗೆ ಹೋಗಿ, ಯಾಕೆ ಬಂದೆ ಎಂದು ಗೋಡೆಯನ್ನು ನೋಡುತ್ತ ನಿಂತುಬಿಡುತ್ತಿದ್ದಳು.

ಆ ಕೋಟಿನದು ಚೌಕಳಿ ಬಟ್ಟೆ. ಸಾದಾ ಬಟ್ಟೆಯಾದರೆ ಎರಡು ಪದರ ಮಡಚಿ ಎರಡು ತೋಳನ್ನೂ ಒಟ್ಟಿಗೆ ಕತ್ತರಿಸಬಹುದು, ಎಡ ಬಲ ತಾವಾಗಿಯೇ ಬರುತ್ತವೆ. ಚೌಕಳಿಯಲ್ಲಿ ಹಾಗೆ ಮಾಡಿದರೆ ಕೆಳಗಿನ ಪದರ ಜರುಗಿ ಗೆರೆ ಗೆರೆಗೆ ಸೇರುವುದಿಲ್ಲ. ಒಂಟಿ ಪದರ ಹಾಸಿ ಒಂದೊಂದೇ ತೋಳು ಕತ್ತರಿಸಬೇಕು, ಎರಡನೆಯದಕ್ಕೆ ಅಳತೆಯ ಕಾಗದವನ್ನು ಮಗುಚಿ ಇಡಬೇಕು. ಅವಳು ಮಗುಚಿರಲಿಲ್ಲ. ಅಷ್ಟೇ.

"ಸ್ವಲ್ಪ ಸುಧಾರಿಸ್ಕೋ ಅಕ್ಕ," ಎಂದ ತಮ್ಮ. "ಅಲ್ಲಿವರೆಗೂ ಗುಂಡಿ ಹಾಕ್ತಿರು."

"ಸುಧಾರಿಸ್ಕೋ ಅನ್ನೋ ಮಾತು ಇನ್ನೊಂದ್ಸಲ ಬಂದ್ರೆ ನಿನ್ ಬಾಯಿಗೇ ಗುಂಡಿ ಹಾಕ್ತೀನಿ."

ಹಾಗೆಂದಳೇ ಹೊರತು ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ ಹಾಕಿದಳು.

ಸುದ್ದಿ ಹಬ್ಬಿದ್ದೇ ತಡ, ಮನೆಗೆ ಮದ್ದುಗಳ ಮೆರವಣಿಗೆ. ಚಿಕ್ಕಮ್ಮ ನೆತ್ತಿಗೆ ಎಣ್ಣೆ ತಂದಳು, ಎದುರು ಮನೆಯಾಕೆ ಬಾದಾಮಿ ತಂದಳು, ಯಾರೋ ದೂರದ ನೆಂಟರು ಬೇರಿನ ಪುಡಿ ಕಳಿಸಿದರು. ತಮ್ಮನ ಹೆಂಡತಿಯಂತೂ ದಿನಾ ಬೆಳಗ್ಗೆ ಲೋಟದ ತುಂಬ ಹಸಿರು ರಸ ಹಿಡಿದು ನಿಲ್ಲುತ್ತಿದ್ದಳು. "ಕಣ್ಮುಚ್ಕೊಂಡು ಕುಡಿದ್ಬಿಡಿ ಅತ್ತಿಗೆ."

ಮಾಸ್ಟರಕ್ಕ ರಸವನ್ನೂ ಬಾಟಲಿಗೆ ಹಾಕಿ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಸುರುವಿದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಬಾದಾಮಿಯನ್ನು ಮಾತ್ರ ಈಚೆ ಸರಿಸಿದಳು.

"ಇದನ್ನ ತಿನ್ನಿ, ರುಚಿಯಾಗಿರುತ್ತೆ. ಈ ಪುಡಿ, ಈ ರಸದಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ. ನಿಮ್ ಮಾತ್ರೆ ಜೊತೆ ಸೇರಿ ಏನು ಮಾಡುತ್ತೋ. ಸದ್ಯಕ್ಕೆ ಬೇಡ."

"ಮತ್ತೆ ತಲೇಲಿರೋ ಮಂಜಿಗೆ?"

"ದಿನಾ ನಡೀರಿ, ಬೆವರು ಬರೋ ಹಾಗೆ. ಹೊತ್ತಿಗೆ ಸರಿಯಾಗಿ ಮಲಗಿ. ಒಂದ್ಸಲಕ್ಕೆ ಒಂದೇ ಕೆಲಸ. ಕಷ್ಟದ ಕೆಲಸ ಇದ್ರೆ ಬೆಳಗ್ಗೆ ಮಾಡಿ, ಮಾಡೋದನ್ನ ಬಾಯ್ಬಿಟ್ಟು ಹೇಳ್ಕೊಂಡು ಮಾಡಿ. ಸುಮಾರು ಜನಕ್ಕೆ ನಿಧಾನವಾಗಿ ತಿಳಿಯಾಗುತ್ತೆ. ಯಾವತ್ತು ಅಂತ ನಾನು ಹೇಳೋಕಾಗಲ್ಲ."

"ಅದನ್ನ ನಾನೇ ಹೇಳ್ತೀನಿ ಬಿಡಿ," ಎಂದು ಚೀಲ ಕೊಡವಿಕೊಂಡು ಎದ್ದಳು.

ಪಕ್ಕದ ಅಂಗಡಿಯ ಇಸ್ತ್ರಿ ಅಜ್ಜ ಪೆಟ್ಟಿಗೆಗೆ ಕೆಂಡ ತುಂಬುವ ಮುಂಚೆ ದಿನಾ ಊರಾಚೆಯ ಸೇತುವೆವರೆಗೆ ನಡೆದು ಬರುತ್ತಿದ್ದ. ಮಾಸ್ಟರಕ್ಕ ಅವನಿಗೆ ಜೊತೆಯಾದಳು. ಮೊದಮೊದಲು ಅರ್ಧ ದಾರಿಗೇ ಏದುಸಿರು.

"ಹೆಣ ಹೊತ್ತೋರು ಇದಕ್ಕಿಂತ ಜೋರಾಗಿ ನಡೀತಾರೆ," ಎಂದ ಅಜ್ಜ, ತಿರುಗಿಯೂ ನೋಡದೆ.

"ಅವರಿಗೆ ಬೇಗ ಇಳಿಸೋ ಆಸೆ ಇರುತ್ತೆ ಅಜ್ಜ. ನಂಗೆ ಇನ್ನೂ ಹೊರೋ ಆಸೆ."

ಅಜ್ಜ ಆಮೇಲೆ ಹೆಜ್ಜೆ ನಿಧಾನ ಮಾಡಿದನೆಂದುಕೊಂಡರೆ ತಪ್ಪು. ಅವನು ಮಾಡಲಿಲ್ಲ, ಅವಳೇ ಜೋರು ಮಾಡಿದಳು. ಸೇತುವೆ ಮುಟ್ಟಿದ ದಿನ ಇಬ್ಬರೂ ಕಟ್ಟೆಗೆ ಒರಗಿ ನೀರು ನೋಡಿದರು.

ಅಂಗಡಿಗೆ ಬಂದರೆ ಗುಂಡಿ ಕೆಲಸ ಮುಗಿಸಿ ಹಳೇ ಪೇಪರು ಹಾಸಿಕೊಳ್ಳುತ್ತಿದ್ದಳು. ಡ್ರಾಯರಿನ ಕತ್ತರಿ ಸಿಗದಿದ್ದರೇನು, ದಾರ ಕತ್ತರಿಸುವ ಪುಟ್ಟ ಕತ್ತರಿಯಲ್ಲೇ ಪೇಪರಿನ ತೋಳು ಕತ್ತರಿಸುವಳು, ಅದೂ ಬಾಯ್ಬಿಟ್ಟು. "ಎಡಗೈ ಆಯ್ತು. ಪಕ್ಕಕ್ಕಿಟ್ಟೆ. ಈಗ ಕಾಗದ ಮಗುಚ್ತೀನಿ. ಮಗುಚಿದೆ." ಪ್ಯಾಂಟಿನ ಅಳತೆಗೆ ಬಂದಿದ್ದ ಗಿರಾಕಿಯೊಬ್ಬ ತಿರುಗಿ ತಿರುಗಿ ನೋಡಿದ. ಅವನು ಹೋದ ಮೇಲೆ ತಮ್ಮ ತಲೆ ತಗ್ಗಿಸಿಕೊಂಡು ಹೇಳಿದ, "ಮೆತ್ತಗೆ ಹೇಳ್ಕೋ ಅಕ್ಕ. ಜನ ನಗ್ತಾರೆ."

"ನಗಲಿ. ನಕ್ಕಾಗ ಹೊಟ್ಟೆ ಸಡಿಲ ಬಿಡ್ತಾರೆ, ಆಗ ನಿಂಗೆ ಸೊಂಟದ ಅಳತೆ ಸರಿಯಾಗಿ ಸಿಗುತ್ತೆ."

ಮರುದಿನದಿಂದ ಇನ್ನೂ ಜೋರಾಗಿಯೇ ಹೇಳಿಕೊಂಡಳು. ಕೆಲವು ದಿನ ಪೇಪರಿನ ತೋಳುಗಳು ಜೋಡಿಯಾಗಿ ಬಂದವು. ಕೆಲವು ದಿನ ಅಷ್ಟೆಲ್ಲ ಕೂಗಿಯೂ ಎರಡೂ ಎಡ. ಅಂಥವನ್ನು ಮುದ್ದೆ ಮಾಡಿ ಬುಟ್ಟಿಗೆಸೆದು ಮತ್ತೊಂದು ಪೇಪರು ಹಾಸುವಳು.

ಹೀಗಿರುವಾಗ ಬ್ಯಾಂಡ್ ಮೇಷ್ಟ್ರು ಕಂಕುಳಲ್ಲಿ ಒಂದು ಗಂಟಿನೊಂದಿಗೆ ಬಂದರು. ಅದೇ ಚೌಕಳಿ. ಬಟ್ಟೆ ಅಂಗಡಿಯಲ್ಲಿ ಉಳಿದಿದ್ದ ಕೊನೇ ತುಂಡು, ಇದು ಕೆಟ್ಟರೆ ಇನ್ನೊಂದಿಲ್ಲ. ತಮ್ಮ ಅದನ್ನು ಬಿಚ್ಚಿ ಎರಡು ಪದರ ಮಡಚತೊಡಗಿದ.

"ಮಡಚಬೇಡ," ಎಂದಳು ಮಾಸ್ಟರಕ್ಕ ಮೂಲೆಯಿಂದ.

"ಎರಡು ಎಡತೋಳಿಗಿಂತ ಸೊಟ್ಟ ಗೆರೆನೇ ವಾಸಿ ಅಕ್ಕ."

ಅವನು ಅದನ್ನು ಚುಚ್ಚಲು ಹೇಳಿರಲಿಲ್ಲ, ಹೆದರಿ ಹೇಳಿದ್ದ. ಅವಳಿಗೆ ಅದು ಗೊತ್ತಿತ್ತು. ಆದರೂ ಎದ್ದು ಬಂದು ಡ್ರಾಯರಿನ ಮುಂದೆ ಕೈ ಚಾಚಿದಳು.

"ಕತ್ತರಿ ಕೊಡು."

"ಇದೂ ಹೋದ್ರೆ?"

"ಹೋದ್ರೆ ನಾನಿನ್ನು ಕತ್ತರಿ ಕೇಳಲ್ಲ. ಈ ಅಂಗಡಿಗೂ ಬರಲ್ಲ. ಮೂಲೇಲಿ ಕೂತು ಗುಂಡಿ ಹಾಕೋಕೆ ಅಷ್ಟೆಲ್ಲ ಸೂಜಿ ಚುಚ್ಚಿಸ್ಕೊಂಡು ಬದುಕಿ ಬಂದಿಲ್ಲ ನಾನು."

ತಮ್ಮ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಲ್ಲ ಮಾಸ್ಟರಕ್ಕ, ಎರಡೂ ಎಡಗೈ ಕೋಟು ಹಾಕ್ಕೊಂಡು ನಾನು ಕೈ ಎತ್ತಿದ್ರೆ ಇಡೀ ಬ್ಯಾಂಡು ಎಡಕ್ಕೇ ಹೊರಟುಬಿಡುತ್ತೆ." ಯಾರೂ ನಗಲಿಲ್ಲ. ಅವರು ತಾವು ಹಾಕಿಕೊಂಡಿದ್ದ ಹಳೇ ಕೋಟಿನ ಭುಜ ಸವರಿದರು. "ಇದೂ ನೀವೇ ಕತ್ತರಿಸಿದ್ದು. ಎಷ್ಟು ಕೈ ಬೀಸಿದ್ರೂ ಇನ್ನೂ ಒಂದು ಕಡೆನೂ ಜಗ್ಗಿಲ್ಲ. ಕೊಡಪ್ಪ, ಅವರಿಗೇ ಕೊಡು."

"ಈಗಲ್ಲ, ನಾಳೆ ಬೆಳಗ್ಗೆ," ಎಂದಳು ಅವಳು. "ರೇಡಿಯೋ ಬಂದ್. ಫೋನು ಹೊರಗೆ. ನೀನೂ ಹೊರಗೆ, ಬಾಗಿಲಲ್ಲಿ ಕೂತ್ಕೋ."

ಬೆಳಗ್ಗೆ ಸೇತುವೆಗೆ ಹೋಗಿ ಬಂದು, ಬೆವರು ಒರೆಸಿ, ಬಟ್ಟೆ ಒಂಟಿ ಪದರ ಹಾಸಿದಳು. ಕೀಮೋದಿಂದ ಬೆರಳ ತುದಿ ಇನ್ನೂ ಜೋಮು ಹಿಡಿದಂತಿತ್ತು, ಆದರೆ ಕತ್ತರಿಯ ಭಾರ ಕೈಗೆ ನೆನಪಿತ್ತು. ಮುಂಭಾಗ ಆಯ್ತು. ಬೆನ್ನು ಆಯ್ತು. ಗೆರೆಗೆ ಗೆರೆ ಇಟ್ಟು, ಒಂದೊಂದನ್ನೂ ಹೆಸರು ಹಿಡಿದು ಕೂಗುತ್ತ ಒಂದು ತೋಳು ಕತ್ತರಿಸಿದಳು. ಆಗಲೇ ಮನೆ ಕಡೆಯ ಹಿಂಬಾಗಿಲು ತೆರೆಯಿತು. ತಮ್ಮನ ಹೆಂಡತಿ, ಕೈಯಲ್ಲಿ ಹಸಿರು ಲೋಟ.

"ಇವತ್ತೊಂದಿನ ಕುಡಿದ್ಬಿಡಿ ಅತ್ತಿಗೆ, ತಲೆ ಚುರುಕಾಗುತ್ತೆ."

ಅಷ್ಟು ಸಾಕಾಯಿತು. ಮಾಸ್ಟರಕ್ಕ ಮತ್ತೆ ಮೇಜಿನತ್ತ ತಿರುಗಿದಾಗ ಮಂಜು ಇಳಿದಿತ್ತು. ಮುಂದೆ ಬಟ್ಟೆ, ಬಟ್ಟೆಯ ಮೇಲೆ ಅಳತೆ ಕಾಗದ. ಕತ್ತರಿಸಿದ್ದು ಯಾವ ಕೈ? ಕಾಗದ ಮಗುಚಿಯಾಯಿತೋ, ಇನ್ನೂ ಮಗುಚಬೇಕೋ? ಬಾಗಿಲಲ್ಲಿ ಕೂತಿದ್ದ ತಮ್ಮ ಅರ್ಧ ಎದ್ದ.

ಅವಳು ಊಹೆ ಮಾಡಲಿಲ್ಲ. ಕತ್ತರಿ ಕೆಳಗಿಟ್ಟಳು. "ಯಾರೂ ಏನೂ ಮುಟ್ಟಬೇಡಿ," ಎಂದು ಬೀದಿಗಿಳಿದು ನಡೆದೇಬಿಟ್ಟಳು. ಬೀದಿಯ ಕೊನೆವರೆಗೆ ಹೋಗಿ ತಿರುಗಿ ಬರುವಾಗ ಇಸ್ತ್ರಿ ಅಜ್ಜ ಕೆಂಡ ಊದುತ್ತಿದ್ದವನು ತಲೆ ಎತ್ತಿ, "ಏನು, ಇವತ್ತು ಎರಡನೇ ಸಲ?" ಎಂದ.

"ಮೊದಲನೇದು ಸಾಲಲಿಲ್ಲ ಅಜ್ಜ."

ಒಳಗೆ ಬಂದವಳೇ ಕತ್ತರಿಸಿದ ತೋಳನ್ನು ತನ್ನ ಕೈಗೇ ಹಿಡಿದು ನೋಡಿದಳು. ಬಟ್ಟೆಯ ಮುಖ ಹೊರಗೆ, ಭುಜದ ಕಡೆಯ ಉಬ್ಬು ಹಿಂದಕ್ಕೆ. "ಇದು ಎಡಗೈ." ಅದನ್ನು ಅಳತೆ ಕಾಗದದ ಮೇಲಿಟ್ಟಳು, ಸರಿಯಾಗಿ ಕೂತಿತು. "ಹಾಗಾದ್ರೆ ಕಾಗದ ಇನ್ನೂ ಮಗುಚಿಲ್ಲ. ಈಗ ಮಗುಚ್ತಿದ್ದೀನಿ. ಮಗುಚಿದೆ."

"ಮಗುಚಿದ್ಯಾ?" ಎಂದ ತಮ್ಮ ಬಾಗಿಲಿಂದ, ತಡೆಯಲಾರದೆ.

"ನನ್ನ ನಾನೇ ಕೇಳ್ಕೊಂಡಾಯ್ತು. ನೀನು ಕೂತ್ಕೋ."

ಕತ್ತರಿ ಹೊರಟಿತು. ಅದರ ಸದ್ದು ನಿಂತಾಗ ತಮ್ಮ ಒಳಗೆ ಬಂದು ಎರಡು ತೋಳುಗಳ ಮುಖ ಮೇಲೆ ಮಾಡಿ ಒಂದರ ಮೇಲೊಂದು ಇಟ್ಟ. ಕೂರಲಿಲ್ಲ. ಪಕ್ಕಪಕ್ಕ ಇಟ್ಟ. ಎದುರುಬದುರು ನಿಂತ ಎರಡು ಕೈ, ಚೌಕಳಿಯ ಗೆರೆ ಒಂದರಿಂದ ಇನ್ನೊಂದಕ್ಕೆ ತಪ್ಪದೆ ಹರಿದಿತ್ತು. ಅವನು ಕತ್ತರಿ ಇಟ್ಟಿದ್ದ ಡ್ರಾಯರನ್ನು ಪೂರ್ತಿ ಎಳೆದು ತೆಗೆದು, ಒಳಗೆ ಏನೂ ಇಲ್ಲವೆಂದು ತೋರಿಸುವವನಂತೆ ಹಾಗೇ ಬಿಟ್ಟ. ಅವನ ಹೆಂಡತಿ ಏನು ಮಾಡಲೂ ತೋಚದೆ ಹಸಿರು ರಸವನ್ನು ತಾನೇ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಇದನ್ನ ನನಗೆ ದಿನಾ ಕುಡಿಸ್ತಿದ್ಯಲ್ಲೇ," ಎಂದಳು ಮಾಸ್ಟರಕ್ಕ. ಆಮೇಲೆ ಕಾಲರಿನ ತುಂಡು ಎತ್ತಿಕೊಂಡು ತಮ್ಮನ ಕಡೆ ಕೈ ಚಾಚಿದಳು. "ಅದು ಕೊಡು. ಕಾಲರ್ ಒಳಗಿಡೋ ಗಟ್ಟಿ ಬಟ್ಟೆ... ಹೆಸರು ಬರ್ತಿಲ್ಲ."

"ಬಕ್ರಂ," ಎಂದ ತಮ್ಮ.

"ಹೆಸರು ನೀನೇ ಇಟ್ಕೋ. ಬಟ್ಟೆ ಕೊಡು."